ಬಿಲ್ಲೆಯ ಮುಂದೆ ಮಾತಾಡಬಾರದು

ನೀರು ಅಂದರೆ ಕುಡಿಯಲಿಕ್ಕೆ, ಬಟ್ಟೆ ಒಗೆಯಲಿಕ್ಕೆ ಅಂತ ತಿಳಿದು ಇಷ್ಟು ವರ್ಷ ಬಾಳಿದವಳು ನಾನು. ಮೊಮ್ಮಗಳು ಬೀದರಿನ ಕಾಲೇಜಿನಲ್ಲಿ ನೀರಿನ ಮೇಲೆ ಸಂಶೋಧನೆ ಶುರು ಮಾಡಿದಾಗಿನಿಂದ ನಮ್ಮ ಮನೆಯಲ್ಲಿ ನಗು ಬತ್ತಿಲ್ಲ ನೋಡ್ರಿ. ಒಂದು ಮರೆಯುವುದರೊಳಗೆ ಇನ್ನೊಂದು ಆಗಿರುತ್ತದೆ.

ಕಾಣದ ನೀರು

ನಮ್ಮ ಕೆಂಪು ಮಣ್ಣನ್ನೇ ಅರೆದು, ಒತ್ತಿ, ರೂಪಾಯಿ ನಾಣ್ಯದಷ್ಟು ಬಿಲ್ಲೆ ಮಾಡುತ್ತಾಳೆ. "ಮಣ್ಣು ಎಷ್ಟು ಒಣಗಿದ್ರೂ ಗಾಳಿಯಾಗಿನ ನೀರು ಅದರ ಮೈಗಿ ಅಂಟಿರ್ತದ ಆಯಿ. ಕಣ್ಣಿಗಿ ಕಾಣಂಗಿಲ್ಲ. ಬಿಲ್ಲೆ ಎರಡು ತಗಡಿನ ನಡುವ ಇಟ್ಟು ಕರೆಂಟ್ ಕೊಟ್ರ, ಆ ನೀರು ಎಷ್ಟು ಹೊರಳ್ತದ ಅಂತ ಮಷೀನಿನ್ಯಾಗ ಅಂಕಿ ಬರ್ತದ" ಎಂದಳು.

ಒಮ್ಮೆ ಬಿಲ್ಲೆಗಳನ್ನು ಮನೆಗೆ ತಂದು ತಾಟಿನಲ್ಲಿ ಹಾಕಿ ಮಾಳಿಗೆ ಮೇಲೆ ಒಣಗಲು ಇಟ್ಟಿದ್ದಳು. ನಾನು ಹೋಗಿ ನೋಡಿದರೆ ತಾಟಿನಲ್ಲಿ ಒಂದು ಹನಿ ನೀರಿಲ್ಲ! ಪಾಪ, ಹುಡುಗಿ ಮರೆತಾಳ ಅಂತ ಒಂದು ತಂಬಿಗೆ ಸುರಿದೆ. ಸಂಜೆ ಬಂದವಳು ತಲೆ ಮೇಲೆ ಕೈ ಹೊತ್ತು ಕೂತಳು. ತಾಟಿನ ತುಂಬ ರಾಡಿ.

"ಆಯಿ, ಇದೇನ್ ಮಾಡ್ದಿ?"

"ಕಾಣಂಗಿಲ್ಲ, ಕಾಣಂಗಿಲ್ಲ ಅಂತಿದ್ದಿ. ಈಗ ನೋಡು, ಕಾಣ್ತದ!"

ಭಾಲ್ಕಿ ಬಸ್ಸು

ಭಾಲ್ಕಿಯಲ್ಲಿ ನನ್ನ ತಂಗಿಯ ಮನೆ. ಔರಾದಿನಿಂದ ಒಂದು ಸಂಬಂಧ ಬಂದದ, ಹುಡುಗೀನ ಕರಕೊಂಡು ಬಾ ಅಂತ ಫೋನ್ ಮಾಡಿದ್ದಳು. ಬಸ್ಸಿನಲ್ಲಿ ಮೊಮ್ಮಗಳ ಮುಖ ಬಾಡಿತ್ತು.

"ನಾ ಲಗ್ನ ಒಲ್ಲೆ ಅನ್ನಂಗಿಲ್ಲ ಆಯಿ. ನಡುವ ಓದು ಬಿಡಿಸಿದ್ರ ಹ್ಯಾಂಗ?"

ಮಾತು ತಿರುಗಿಸಬೇಕಲ್ಲ, ಮಣ್ಣಿಗೆ ಅಂಟಿದ ನೀರು ಸರಿಯಾಗಿ ಹೊರಳುವುದಿಲ್ಲ ಅಂದಿದ್ದಿ, ಯಾಕೆ ಅಂತ ಕೇಳಿದೆ. ಅವಳು ಬಸ್ಸನ್ನೇ ತೋರಿಸಿದಳು. "ನಿಂತವರನ್ನ ನೋಡು, ತಿರುವು ಬಂದಕಡಿ ವಾಲ್ತಾರ. ಸೀಟು ಹಿಡಿದು ಕುಂತವರು ಅಲುಗಾಡಂಗಿಲ್ಲ. ಮಣ್ಣಿಗಿ ಅಂಟಿದ ನೀರೂ ಹಂಗ, ಸೀಟು ಬಿಡಂಗಿಲ್ಲ."

"ಅದರಾಗ ಕರೆಂಟು ಛಲೋ ಹರೀತದೇನು?"

ಹಿಂದಿನ ಸೀಟಿಗೂ ಕೇಳುವಂತೆ ಹೇಳಿದಳು: "ಇಲ್ಲ ಆಯಿ, ಇದು ಛಲೋ ಕಂಡಕ್ಟರ್ ಅಲ್ಲ."

ಟಿಕೆಟ್ ಮಷೀನು ಹಿಡಿದು ಪಕ್ಕದಲ್ಲೇ ನಿಂತಿದ್ದವನು ಗಾಬರಿಯಾದ. "ಅಕ್ಕಾರ, ಆಧಾರ್ ಕಾರ್ಡ್ ತೋರಿಸ್ರಿ ಅಂದಿದ್ದಕ್ಕ ಇಷ್ಟು ಸಿಟ್ಟೇನ್ರಿ?"

ನಾದಿನಿ ಸುದ್ದಿ

ಒಂದು ದಿನ ಬುತ್ತಿ ಕೊಡಲು ಅವಳ ಲ್ಯಾಬಿಗೆ ಹೋದೆ. ನಾನು ಬಾಯಿ ತೆರೆದಾಗೆಲ್ಲ ಮಷೀನಿನ ಅಂಕಿ ಏರುತ್ತಿತ್ತು!

"ಉಸಿರಿನ್ಯಾಗೂ ನೀರದ ಆಯಿ. ನೀ ಮಾತಾಡಿದ್ರ ಅದು ಹೋಗಿ ಬಿಲ್ಲೆಗಿ ಅಂಟ್ತದ."

ಖರೆ ಏನು ನೋಡೋಣ ಅಂತ ದೇವರ ಹೆಸರು ಹೇಳಿದೆ. ಅಂಕಿ ಜರಾ ಏರಿ ಇಳಿಯಿತು. ನಾದಿನಿ ಸುದ್ದಿ ತೆಗೆದೆ. ಇಳಿಯಲೇ ಇಲ್ಲ. ಅವಳ ಗೈಡ್ ಸರ್ ಬಂದು ಕೈ ಮುಗಿದರು: "ಅಜ್ಜೀ, ನಾದಿನಿ ಸುದ್ದಿ ಹೊರಗ ಕುಂತು ಹೇಳ್ರಿ."

ಔರಾದಿನವರು

ಇನ್ನೊಂದು ದಿನ, ಭಾಲ್ಕಿಗೆ ಮಗನನ್ನು ಬಿಟ್ಟು ಒಬ್ಬಳೇ ಬಂದಿದ್ದ ಹುಡುಗನ ತಾಯಿ, ಹುಡುಗಿ ಏನು ಮಾಡ್ತಾಳೋ ಕಣ್ಣಾರೆ ನೋಡಬೇಕು ಅಂತ ಮಗನನ್ನು ಕರಕೊಂಡು ಲ್ಯಾಬಿಗೇ ಬಂದುಬಿಟ್ಟಳು. ಅದು ಕೊನೆಯ ಬಿಲ್ಲೆ. ಮಳೆ ಹತ್ತಿ ಗಾಳಿ ತೇವವಾದರೆ ಅಳತೆ ಕೆಡುತ್ತದೆ ಅಂತ ಮೊಮ್ಮಗಳು ಮಷೀನಿನ ಮೇಲಿನ ಕಣ್ಣು ಕೀಳುತ್ತಿರಲಿಲ್ಲ. ಬುತ್ತಿ ಕೊಡಲು ಬಂದಿದ್ದ ನಾನಂತೂ ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದೆ.

ಹುಡುಗನ ತಾಯಿಗೆ ಇದೆಲ್ಲ ಏನು ಗೊತ್ತು? ಬಿಲ್ಲೆಯ ಮೇಲೆಯೇ ಬಗ್ಗಿದಳು. "ಮಣ್ಣಾಗ ಆಡಿದ್ದು ಸಾಕಲ್ರಿ? ಮುಂದಿನ ತಿಂಗಳೇ ಲಗ್ನ ಮಾಡೋಣು, ಓದು ಬಿಡ್ಲಿ."

ಅಂಕಿ ಏರಿತು. ಮೊಮ್ಮಗಳ ಕಣ್ಣು ತುಂಬಿತು.

ಹುಡುಗ ಬಂದಾಗಿನಿಂದ ಬಿಲ್ಲೆಯ ಪಕ್ಕದಲ್ಲೇ ತುಟಿ ಬಿಚ್ಚದೆ ನಿಂತಿದ್ದ. "ನೀನಾದ್ರೂ ಹೇಳಪಾ!" ಅಂತ ತಾಯಿ ತಿವಿದಳು. ಅವನು ಅಂಕಿ ಇಳಿಯುವ ತನಕ ಕಾದ. ಆಮೇಲೆ ಕರ್ಚೀಪು ಬಾಯಿಗೆ ಹಿಡಿದು, ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದ: "ಅವರ ಅಳತಿ ಮುಗೀಲಿ. ಓದೂ ಮುಗೀಲಿ. ಅಲ್ಲೀತನ ನಾ ಕಾಯ್ತೇನಿ."

ಅಂಕಿ ಕದಲಲಿಲ್ಲ. ಮೊಮ್ಮಗಳು ಮೊದಲ ಸಲ ಅವನನ್ನು ನೋಡಿದಳು.

"ಗ್ವಾಡಿಗ್ಯಾಕ ಹೇಳ್ತಿ?" ಅಂದಳು ತಾಯಿ.

"ಈ ಕಡಿ ಹೇಳಿದ್ರ ಅಂಕಿ ಏರ್ತದವ್ವ."

ನನಗೆ ತಡೆಯಲಾಗಲಿಲ್ಲ. ಸೆರಗು ಕಿತ್ತು, "ಭೇಷ್ ಅಳಿಯಾ!" ಅಂತ ಕೂಗಿದೆ. ಅಂಕಿ ಮಾಳಿಗೆ ಹತ್ತಿತು. "ಆಯೀ!" ಅಂತ ಮೊಮ್ಮಗಳು ಚೀರಿದಳು, ಅದಕ್ಕೂ ಏರಿತು. ಗೈಡ್ ಸರ್ ಬಂದು ಮುದುಕಿಯರಾದ ನಮ್ಮಿಬ್ಬರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿದರು.

ಮೆಟ್ಟಿಲ ಮೇಲೆ ಕೂತೆವು. "ನನ್ನ ಮಾತಿಗಿ ಎಂದೂ ಎದುರು ಆಡಿದವನಲ್ರಿ. ಇವತ್ತ ಆಡಿದ, ಅದೂ ಗ್ವಾಡಿಗಿ" ಅಂತ ಹುಡುಗನ ತಾಯಿ ನಕ್ಕುಬಿಟ್ಟಳು. "ಕಾಯ್ಲಿ ಬಿಡ್ರಿ. ಓದು ಮುಗಿದ ಮ್ಯಾಲೇ ಲಗ್ನ."

ಸಂಜೆಯ ತನಕ ಅಲ್ಲೇ ಹರಟಿದೆವು. ಒಳಗೆ ಅಳತೆಯೂ ಮುಗಿಯಿತು. ಬೀಗ್ತಿ ನನ್ನಿಂದ ಒಂದೇ ಮಾತು ತೆಗೆದುಕೊಂಡಳು: "ಲಗ್ನದಾಗ ನಿಮ್ಮ ಹುಡುಗಿ ಏನರ ತರ್ಲಿ, ಆ ಬಿಲ್ಲೆ ಮಾತ್ರ ಬ್ಯಾಡ್ರಿ. ಅಷ್ಟೊತ್ತು ಬಾಯಿ ಮುಚ್ಚಿ ಕೂಡೋದು ನಮ್ಮಿಬ್ಬರಿಗೂ ಆಗಂಗಿಲ್ಲ."