ನೋಟೀಸು ಕೊಡದ ಸಮುದ್ರ

ನಮ್ಮ ಕಡೆ ಮಂದಿ ಸಮುದ್ರದ ದಂಡಿಗೆ ಬಂದ್ರು ಅಂದ್ರ ಏನರೆ ಒಂದು ಆಗ್ದ ಬಿಡಂಗಿಲ್ಲ. ನಾ ಇಲ್ಲಿ ನೌಕರಿಗೆ ಬಂದು ನಾಕು ವರ್ಷ ಆತು. ಬಂದವರೆಲ್ಲಾ ಒಂದೊಂದು ಮಾಡಿಟ್ಟು ಹೋಗ್ಯಾರ. ಆದ್ರ ಮೊದಲನೇ ವರ್ಷ ನಮ್ಮಪ್ಪ, ನಮ್ಮವ್ವ, ನಮ್ಮ ಸೋದರತ್ತಿ ಕೂಡಿ ಮೂರು ದಿನದಾಗ ಮಾಡಿದ್ದನ್ನ ಇನ್ನೂ ಯಾರೂ ಮೀರಿಸಿಲ್ಲ.

ನಮ್ಮೂರು ನಿಡಗುಂದಿ ಹತ್ರ. ಕಾಲೇಜು ಕಲ್ತದ್ದು ಮುದ್ದೇಬಿಹಾಳದಾಗ. ಖೊ ಖೊ ಆಡಿ ಆಡಿ ನಾ ಪಿ.ಟಿ. ಟೀಚರ್ ಆದೆ. ಸರಕಾರದವರು ನನ್ನ ತಂದು ಸಮುದ್ರದ ದಂಡಿಗಿದ್ದ ಈ ಸಣ್ಣ ಊರಿನ ಸಾಲ್ಯಾಗ ಒಗದ್ರು. ಅಪ್ಪಗ ಇದು ಸುತಾರಾಂ ಮನಸಿರಲಿಲ್ಲ. ಒಂದು ಗುರುವಾರ ಕ್ರೂಸರ್ ಗಾಡಿ ಬಾಡಗಿಗೆ ಮಾಡಿಕೊಂಡು ಬಂದ, ಇಳಿಯೋ ಮೊದಲ ಹೇಳಿಬಿಟ್ಟ: "ನೋಡ ಯವ್ವಾ, ನಾ ಎರಡ ನೋಡ್ತೇನಿ. ನಿನಗ ಉಣ್ಣಾಕ ಎಲ್ಲಿ, ಹುಡುಗ್ಯಾರನ್ನ ಆಡಸಾಕ ಎಲ್ಲಿ. ಎರಡ್ರಾಗ ಒಂದು ಇಲ್ಲಂದ್ರೂ ರಾಜೀನಾಮಿ ಬರದು ಇದ ಗಾಡಿ ಹತ್ತು."

ನಮ್ಮಪ್ಪ ಹೇಳಿದ್ದನ್ನ ಮಾಡೋ ಪೈಕಿ.

ರೊಟ್ಟಿ ಬಾಗಿದ್ದು

ಗಾಡಿಯಿಂದ ಮೊದಲು ಇಳಿದದ್ದು ಮನಷ್ಯಾರಲ್ಲ, ರೊಟ್ಟಿ ಗಂಟು. ಖಡಕ್ ಜೋಳದ ರೊಟ್ಟಿ, ಬಿಳಿ ಧೋತರದಾಗ ಕಟ್ಟಿದ್ದು. ಅವ್ವ ಮತ್ತ ಅತ್ತಿ ಕೂಡಿ ಒಂದು ವಾರ ಬಡದಿದ್ರಂತ. ನಮ್ಮಲ್ಲಿ ಈ ರೊಟ್ಟಿ ತಿಂಗಳಗಟ್ಟಲೆ ಇಟ್ರೂ ಮುರದ್ರ ಕಟ್ ಅಂತಾವ. ಅಪ್ಪನ ಲೆಕ್ಕದಾಗ, ಊರಾಗ ಏನೂ ಸಿಗಲಿಲ್ಲಂದ್ರ ನಾ ಇವನ್ನ ತಿಂದು ಜೀವ ಹಿಡೀಬೇಕು.

ಮರುದಿನ ಮುಂಜಾನೆ ಅವ್ವ ಗಂಟು ಬಿಚ್ಚಿದಾಕಿ ಹಂಗ ನೆಲಕ್ಕ ಕುಂತಳು. ಅಪ್ಪ ಬಂದು ಒಂದು ರೊಟ್ಟಿ ಎತ್ತಿ ಹಿಡದ. ಅದು ಕೈಯಾಗ ಹಸಿ ಟಾವೆಲ್ ಆದಂಗ ಜೋತು ಬಿತ್ತು. ಅಪ್ಪ ಅದನ್ನ ಮಡಚಿ ನೋಡಿದ. ಮಡಚಿತು. ಮತ್ತೊಮ್ಮೆ ಮಡಚಿದ. ಮತ್ತ ಮಡಚಿತು. ನಮ್ಮಪ್ಪನ ಜನ್ಮದಾಗ ಮಡಚಿದ ಖಡಕ್ ರೊಟ್ಟಿ ನೋಡಿರಲಿಲ್ಲ.

"ಒಂದ ರಾತ್ರಿಗೆ ರೊಟ್ಟಿ ಹಿಂಗಾತಂದ್ರ, ಒಂದು ವರ್ಷಕ್ಕ ನನ್ನ ಮಗಳ ಗತಿ ಏನು?" ಅಂದ.

ಮನಿ ಮಾಲಕಿ ಬಾಗಲಾಗ ನಿಂತು ನೋಡಿದ್ರು. "ಇಲ್ಲಿಯ ಗಾಳಿಯೇ ಹಾಗೆ ಮಾರಾಯ್ರೇ. ಹಪ್ಪಳವೂ ಹೀಗೇ ಆಗ್ತದೆ. ಬಿಸಿಲಿಗೆ ಹಾಕಿ, ಸರಿ ಆಗ್ತದೆ" ಅಂದ್ರು.

ಸರಿ, ಅಂಗಳದ ತುಂಬ ಚಾಪಿ ಹಾಸಿ ರೊಟ್ಟಿ ಹರವಿದ್ವಿ. ಅತ್ತಿ ಕಾಗಿ ಕಾಯಾಕ ಬಡಿಗಿ ಹಿಡಕೊಂಡು ಕುಂತಳು. ಓಣಿ ಹೆಣ್ಣಮಕ್ಕಳು ಒಬ್ಬೊಬ್ಬರ ಬಂದು ಬಗ್ಗಿ ನೋಡಿ, "ಅಬ್ಬಾ, ಇಷ್ಟು ದೊಡ್ಡ ಹಪ್ಪಳವಾ" ಅಂತ ಬಾಯಿ ಮ್ಯಾಲ ಕೈ ಇಟ್ಟುಕೊಂಡ್ರು. ಒಬ್ಬಾಕಿ ಒಂದು ಕೇಳಿ ತಗೊಂಡು ಹೋದಳು. ಅತ್ತಿ ದೊಡ್ಡ ಮನಸಿನಿಂದ ಕೊಟ್ಟಳು. ಅರ್ಧ ತಾಸಿನ ಮ್ಯಾಲ ಆಕಿ ಎಣ್ಣಿ ಸೋರೋ ರೊಟ್ಟಿ ತಾಟಿನ್ಯಾಗ ಇಟಗೊಂಡು ವಾಪಸ್ ಬಂದಳು.

"ಎಷ್ಟು ಕರಿದ್ರೂ ಅರಳುದಿಲ್ಲ ಅಲ್ವಾ ಇದು. ಹಿಟ್ಟು ಹಾಳಾಗಿದೆ, ನೀವು ತಿನ್ನಬೇಡಿ" ಅಂದಳು.

ಊರಿಗಿದ್ದ ಒಂದ ಹೋಟೆಲ್

ರೊಟ್ಟಿ ಒಣಗೋತನ ಹೊಟ್ಟಿ ಕೇಳ್ತೈತೇನು? ನಾ ಅವತ್ತ ಸಾಲಿಗೆ ರಜಾ ಹಾಕಿದ್ದೆ, ಮಧ್ಯಾಹ್ನ ಊಟಕ್ಕ ಕರಕೊಂಡು ಹೊರಟೆ. ಬಂದರಿನ ರಸ್ತೆ ಹಿಡದ್ರ ಎರಡೂ ಬಾಜೂ ಮೀನ ಮೀನ. ಬುಟ್ಟ್ಯಾಗ ಮೀನ, ಹಗ್ಗದ ಮ್ಯಾಲ ಮೀನ, ಚಾಪಿ ಮ್ಯಾಲ ಒಣಮೀನ. ಅವ್ವ ಸೆರಗು ಮೂಗಿಗೆ ಹಿಡದಾಕಿ ಬಿಡಲಿಲ್ಲ. ಗಾಡಿ ಡ್ರೈವರ್ ಚಾಚಾ ಮಾತ್ರ, "ನಾ ಹಿಂದಿಂದ ಬರ್ತೇನ್ರಿ ಗೌಡ್ರ" ಅಂತ ಅಪ್ಪಗ ಹೇಳಿ ಒಂದು ಮೀನೂಟದ ಹೋಟೆಲಿನ್ಯಾಗ ಹೊಕ್ಕು ಸಂಜಿತನ ಹೊರಗ ಬರಲಿಲ್ಲ.

ಮೀನಿಲ್ಲದ ಊಟದ ಹೋಟೆಲ್ ಊರಿಗೆ ಒಂದ ಇತ್ತು. ದಿನಾ ನಾ ಉಣ್ಣೋದೂ ಅಲ್ಲೇ. ಮಾಲಕರು ಭಾಳ ಒಳ್ಳೆಯವರು, ತಾವ ಬಡಸ್ತಾರ. ದಪ್ಪನ ಕೆಂಪು ಅನ್ನ ಬಂತು, ಮ್ಯಾಲ ಸಾಂಬಾರು ಬಂತು. ಅಪ್ಪ ಒಂದು ತುತ್ತು ಬಾಯಾಗ ಇಟ್ಟು ಅಲ್ಲೇ ನಿಂದ್ರಿಸಿದ.

"ಸಾರಿನ್ಯಾಗ ಬೆಲ್ಲ ಹಾಕ್ಯಾರಲ್ಲ. ಯಾರದರೆ ಮದಿವಿ ಐತೇನು?"

"ದಿನಾ ಹಿಂಗ ಅಪ್ಪಾ."

"ದಿನಾ?" ಅಪ್ಪ ನನ್ನ ಮಾರಿ ನೋಡಿದ್ದು ಹೆಂಗಿತ್ತಂದ್ರ, ನನಗ ಜೇಲಿನ್ಯಾಗ ನೋಡಾಕ ಬಂದಂಗಿತ್ತು. ಅವ್ವನ ಚೀಲದಿಂದ ಸ್ಟೀಲ್ ಡಬ್ಬಿ ತಗದ. ಅದರಾಗ ರಂಜಕ, ಹಣ್ಣ ಮೆಣಸಿನಕಾಯಿ ಕುಟ್ಟಿ ಮಾಡಿದ ಕೆಂಪು ಚಟ್ನಿ. ನಾವೂ ಅದನ್ನ ಎಣ್ಣಿ ಕಲಸಿ ಬಟ್ಟಿನ ತುದಿಗೆ ಹಚಗೊಂಡು ತಿಂತೇವಿ.

ಮಾಲಕರು ಅದರ ಬಣ್ಣ ನೋಡಿ ಹತ್ರ ಬಂದ್ರು. "ಉಪ್ಪಿನಕಾಯಿಯಾ? ಸ್ವಲ್ಪ ನೋಡುವಾ" ಅಂದ್ರು. "ಖಾರ ಐತ್ರಿ" ಅಂದೆ. "ನಾವೂ ಮೆಣಸು ತಿಂದವರೇ ಟೀಚರೇ" ಅಂತ ನಕ್ಕು, ಚಮಚಾ ತುಂಬ ತಗೊಂಡು ಇಡೀದು ಬಾಯಾಗ ಹಾಕ್ಕೊಂಡ್ರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಕ್ಕ ಮಾರಿ ನಕ್ಕಂಗ ಇತ್ತು. ಆಮ್ಯಾಲ ಕಣ್ಣಾಗ ನೀರು ಬಂದ್ವು, ಕಿವಿ ಕೆಂಪಾದ್ವು, ಕೈಯಾಗಿದ್ದ ಸೌಟು ಬಿತ್ತು. ಹಂಗ ಒಳಗ ಓಡಿದ್ರು. ಮಜ್ಜಿಗಿ ಕೊಡ ಎತ್ತಿ ಕುಡ್ಯಾಕತ್ತಿದ್ದು ನಮಗ ಹೊರಗ ಕೇಳ್ತಿತ್ತು. ಅಪ್ಪ ಗಾಬ್ರಿ ಆಗಿ ಹಿಂದ ಹೋಗಿ, "ಸಾವ್ಕಾರ್ರ, ತಪ್ಪಾತ್ರಿ, ಸ್ವಲ್ಪ ಎಣ್ಣಿ ಕುಡೀರಿ" ಅಂದ. ಅವರು ಎರಡೂ ಕೈ ಮುಗದು ಅಪ್ಪನ್ನ ಹೊರಗ ಕಳಿಸಿದ್ರು.

ಸಂಜಿಗೆ ಹೋದ್ರ ಹೋಟೆಲಿಗೆ ಬೀಗ. ಬಾಗಲಕ್ಕ ಚೀಟಿ ಅಂಟಿಸಿದ್ರು: ಮಾಲಕರಿಗೆ ಹುಷಾರಿಲ್ಲ. ಅಪ್ಪ ಚೀಟಿ ಎರಡು ಸಲ ಓದಿ, "ಉಣ್ಣಾಕ ಸಿಗಂಗಿಲ್ಲ ಈ ಊರಾಗ" ಅಂತ ನನಗ ಹೇಳಿದ. ಇದ್ದ ಒಂದ ಹೋಟೆಲ್ ಬಂದ್ ಮಾಡಿಸಿದಾಂವ ತಾನ ಅನ್ನೋದು ಅವಂಗ ಹೊಳೀಲೇ ಇಲ್ಲ.

ಗಂಗವ್ವನ ಉಡಿ

ಅವ್ವ ಮಾತ್ರ ನನ್ನ ಪಾರ್ಟಿ. ನೌಕರಿ ಬಿಡಬಾರ್ದು ಅಂತ ಆಕಿ ಮನಸಿನ್ಯಾಗಿತ್ತು, ಅಪ್ಪನ ಮುಂದ ಹೇಳಾಕ ಧೈರ್ಯ ಇರಲಿಲ್ಲ. ಅದಕ್ಕ ಅವತ್ತ ಸಂಜಿಮುಂದ ಗಂಗವ್ವಗ ಉಡಿ ತುಂಬತೇನಿ ಅಂದಳು. ಕೃಷ್ಣಾ ನದಿಗೆ ನಾವು ತುಂಬೋದು ಹಂಗ ಅಲ್ಲೇನು? ಕುಪ್ಪಸದ ಖಣ, ಕಾಯಿ, ಅಕ್ಕಿ, ಹಸರ ಬಳಿ, ಅರಿಷಿಣ ಕುಂಕುಮ. ಎಲ್ಲಾ ತಾಟಿನ್ಯಾಗ ಇಟಗೊಂಡು ಮೊಣಕಾಲು ಮಟ ನೀರಾಗ ಇಳಿದು, ಕಣ್ಣು ಮುಚ್ಚಿ ಬೇಡಿಕೊಂಡು ಉಡಿ ಬಿಟ್ಟಳು.

ನದಿ ಆದ್ರ ತಗೊಂಡು ಸುಮ್ಮನ ಮುಂದ ಹೋಗ್ತೈತಿ. ಇಲ್ಲಿ ಏನಾತಂದ್ರ, ಅವ್ವ ಕಣ್ಣು ತಗಿಯೋದರಾಗ ಕಾಯಿ ಬಂದು ಆಕಿ ಮೊಣಕಾಲಿಗೆ ಬಡೀತು. ಹಿಂದಿಂದ ಖಣ ಬಂದು ಕಾಲಿಗೆ ಸುತಗೊಂಡಿತು. ಅವ್ವನ ಮಾರಿ ಬೆಳ್ಳಗಾತು.

"ನಿನಗ ತುಂಬಾಕ ಬರಂಗಿಲ್ಲ, ಕೊಡ ಇಲ್ಲಿ" ಅಂತ ಅತ್ತಿ ಕಚ್ಚಿ ಬಿಗದು ಸೊಂಟ ಮಟ ಇಳಿದಳು. ಕಾಯಿ, ಖಣ ಎರಡೂ ಬೀಸಿ ದೂರ ಒಗದಳು. ಸ್ವಲ್ಪ ಹೊತ್ತು ಕಾಣಲಿಲ್ಲ. ಅತ್ತಿ ನಮ್ಮ ಕಡೆ ತಿರುಗಿ ನಗಾಕತ್ತಿದ್ದಳು, ಹಿಂದಿಂದ ಒಂದು ದೊಡ್ಡ ತೆರಿ ಬಂದು ಅತ್ತಿನ್ನೂ ಕಾಯಿನ್ನೂ ಕೂಡಿಸಿ ದಂಡಿಗೆ ತಂದು ಒಗೀತು.

ಅಪ್ಪ ದಂಡಿ ಮ್ಯಾಲ ನಿಂತು, "ಗಂಗವ್ವಗೂ ನೀ ಇಲ್ಲಿರೋದು ಮನಸಿಲ್ಲ" ಅಂದ. ನಂಗ ಅಳು ಬರೋದೊಂದು ಬಾಕಿ.

ಅಷ್ಟರಾಗ ಖಣದ ಜೋಡಿ ಇನ್ನೊಂದು ಏನೋ ತೇಲಿ ಬಂತು. ಯಾರದೋ ಎಡಗಾಲಿನ ರಬ್ಬರ್ ಚಪ್ಪಲಿ. ಅವ್ವ ಅದನ್ನ ಕೈಯಾಗ ಹಿಡಕೊಂಡು ಹಿಂದ ಮುಂದ ತಿರುವಿ ನೋಡಿದಳು. ಅತ್ತಿ ಬಾಯಾಗಿನ ಉಪ್ಪುನೀರು ಉಗುಳಿ ಅಂದಳು: "ಸಿಟ್ಟಿಲ್ಲ ಬಿಡ ಆಕಿಗೆ. ತಾಟು ಖಾಲಿ ಕಳಸಬಾರ್ದು ಅಂತ ಮನ್ಯಾಗ ಏನಿತ್ತೋ ಅದನ್ನ ಇಟ್ಟು ಕಳಿಸ್ಯಾಳ."

ಶನಿವಾರದ ಊಟ

ಉಣ್ಣೋದರಾಗ ನಾ ಫೇಲ್. ಇನ್ನ ಉಳಿದದ್ದು ಆಡೋದು. ಶನಿವಾರ ಮುಂಜಾನೆ ಅಪ್ಪ ಸಾಲಿಗೆ ಬಂದ. ಸಾಲಿ ಸುತ್ತ ತೆಂಗಿನ ಗಿಡ, ನಡುವ ಒಂದು ಬಾವಿ, ಆಮ್ಯಾಲ ಕಂಪೌಂಡು.

"ಗ್ರೌಂಡ್ ಎಲ್ಲೈತಿ?"

"ಸಮುದ್ರದ ದಂಡಿಗೈತಿ ಅಪ್ಪಾ. ಹನ್ನೆರಡೂವರಿಗೆ ಸಾಲಿ ಬಿಡ್ತೈತಿ, ನಾ ಬಂದು ತೋರಸ್ತೇನಿ. ನೀವು ಊಟ ಕಟಗೊಂಡು ಹೋಗಿ ಗಾಳಿ ಮರದ ಬುಡಕ ಕುಂದರ್ರಿ" ಅಂತ ಹೇಳಿ ಕಳಿಸಿದೆ.

ನಾ ಹೋಗಿ ನೋಡ್ತೇನಿ, ಗಾಳಿ ಮರದ ಬುಡಕ ಒಂದು ನರಪಿಳ್ಳಿ ಇಲ್ಲ. ಎಲ್ಲಾರೂ ಕೆಳಗ, ನೀರು ಸರದು ಬಿಟ್ಟಿದ್ದ ಹಸಿ ಮಳಲಿನ ಮ್ಯಾಲ ನಟ್ಟನಡುವ ಕುಂತಾರ. ಬಾಜೂಕ ಕ್ರೂಸರ್. ಜಮಖಾನ ಹಾಸಿ ರೊಟ್ಟಿ, ಮನಿ ಮಾಲಕಿ ಒಲಿ ಮ್ಯಾಲ ಅವ್ವ ಮಾಡಿದ ಎಣಗಾಯಿ, ಮೊಸರು ಇಟಗೊಂಡಾರ. ನೀರು ಆಗಲೇ ತಿರುಗಿ ಬರಾಕತ್ತಿತ್ತು.

ನಾ ಓಡಿದೆ. "ಅಪ್ಪಾ, ಏಳು. ನೀರು ಬರ್ತಾವ."

ಅಪ್ಪ ರೊಟ್ಟಿ ಮುರೀತಾ ಕೇಳಿದ: "ನೋಟೀಸು ಬಂದೈತೇನು?"

ಅಪ್ಪ ಚಾಷ್ಟಿ ಮಾಡಾಕತ್ತಿರಲಿಲ್ಲ. ನಮ್ಮ ಹಳೇ ಊರು, ನಮ್ಮ ಹೊಲ, ಎಲ್ಲಾ ಕೃಷ್ಣಾ ಡ್ಯಾಮಿನ ಹಿನ್ನೀರಾಗ ಮುಳುಗಿ ಹೋಗ್ಯಾವ. ಆಗ ಮೊದಲು ನೋಟೀಸು ಬಂತು, ಆಮ್ಯಾಲ ಹೊಲ ಅಳತಿ ಮಾಡೋರು ಬಂದ್ರು, ಕಲ್ಲು ನಟ್ರು, ಡಂಗುರ ಸಾರಿದ್ರು, ಅದೆಲ್ಲಾ ಆಗಿ ವರ್ಷಗಟ್ಟಲೆ ಆದಮ್ಯಾಲ ನೀರು ಬಂದ್ವು. ನೀರು ಏರೋದಂದ್ರ ಹಂಗ ಅಂತ ಅಪ್ಪಗ ಗೊತ್ತು. ಹಂಗ ಬರೋದಲ್ಲದ ಬ್ಯಾರೆ ನೀರು ಅಪ್ಪ ನೋಡಿಲ್ಲ.

"ಇಲ್ಲಿ ನೋಟೀಸು ಕೊಡಂಗಿಲ್ಲ ಅಪ್ಪಾ."

"ಕೊಡಂಗಿಲ್ಲ ಅಂದ್ರ? ಸೈರನ್ನರೆ ಹೊಡೀಬೇಕಲ್ಲ. ಎಲ್ಲಿತನ ಬರ್ತೈತಿ ಅಂತ ಕಲ್ಲು ಎಲ್ಲಿ ನಟ್ಟಾರ?"

ಅಪ್ಪ ಕಲ್ಲು ಹುಡುಕಾಕ ಎದ್ದು ನಿಂತ. ಅಷ್ಟರಾಗ ಒಂದು ತೆರಿ ಬಂದು ಮೊಸರಿನ ಗಡಿಗಿ ತಗೊಂಡು ಹೋತು. ಅವ್ವ ರೊಟ್ಟಿ ಗಂಟು ತಲಿ ಮ್ಯಾಲ ಇಟಗೊಂಡು ಓಡಿದಳು. ಅತ್ತಿ ಎಣಗಾಯಿ ಬೋಗಾಣಿ ಬಿಡಲಿಲ್ಲ. ಇನ್ನೊಂದು ತೆರಿಗೆ ಜಮಖಾನ ಹೋತು. ಚಾಚಾ ಗಾಡಿ ಚಾಲೂ ಮಾಡಿದ್ರ ಗಾಲಿ ಅಲ್ಲೇ ತಿರುಗಿ ಒಳಗ ಇಳ್ಯಾಕತ್ತಿತು. "ಗೌಡ್ರ, ಗಾಡಿ ನಂದಲ್ರಿ, ನನ್ನ ಅಳಿಯಾಂದು" ಅಂತ ಚಾಚಾ ಕಿಡಕ್ಯಾಗಿಂದ ಒದರಾಕತ್ತಿದ್ದ.

ಬಲಿ ಎಳೆಯೋ ಮೀನುಗಾರರು ನೋಡಿ ಹಗ್ಗ ತಗೊಂಡು ಓಡಿ ಬಂದ್ರು. ಮೀನ ಮಾರೋ ಹೆಣ್ಣಮಕ್ಕಳೂ ಬುಟ್ಟಿ ಇಟ್ಟು ಬಂದ್ರು. ಎಲ್ಲಾರೂ ಕೂಡಿ ಎಳದ್ರು. ಗಾಡಿ ಮ್ಯಾಲ ಬರೋದರಾಗ ನೀರು ಸೀಟಿಗೆ ಮುಟ್ಟಿತ್ತು. ಹಿಂತಿರುಗಿ ನೋಡಿದ್ರ ನನ್ನ ಗ್ರೌಂಡ್ ಇದ್ದಲ್ಲಿ ಪೂರಾ ಸಮುದ್ರ.

ಅಪ್ಪ ಅದನ್ನ ನೋಡಿದ, ನನ್ನ ನೋಡಿದ. ಸಿಟ್ಟು ಮಾಡಿದ್ರ ಚೊಲೋ ಇತ್ತು. ಸಣ್ಣ ದನಿಲೆ ಅಂದ: "ಉಣ್ಣಾಕೂ ಇಲ್ಲ, ಆಡಾಕೂ ಇಲ್ಲ. ನಿನ್ನ ಗಂಟು ಕಟ್ಟ ಯವ್ವಾ."

ಮನಿಗೆ ಹೋಗಿ ಅಳಕೋತ ಗಂಟು ಕಟ್ಟಿದೆ. ರಾಜೀನಾಮಿನೂ ಬರದೆ. ಗಾಡಿ ಒಣಗಲಿ ಅಂತ ಚಾಚಾ ಸಂಜಿತನ ವ್ಯಾಳ್ಯಾ ಕೇಳಿದ್ದ. ಐದೂವರಿ ಆಗಿರಬೇಕು, "ಜಮಖಾನ ದಂಡಿಗರೆ ಬಂದೈತೇನು ನೋಡೂಣ ಬಾ, ನಿಮ್ಮವ್ವನ ತವರು ಮನೀದು ಅದು" ಅಂತ ಅಪ್ಪ ಕರದ. ಹೋದ್ವಿ.

ದಂಡಿಗೆ ಹೋದಾಂವ ಅಪ್ಪ ಅಲ್ಲೇ ನಿಂತುಬಿಟ್ಟ. ನೀರಿಲ್ಲ. ಮಧ್ಯಾಹ್ನ ಮುಳುಗಿದ್ದ ನೆಲ ಪೂರಾ ಹೊರಗ ಬಿದ್ದೈತಿ. ತೊಳದು, ರೋಲರ್ ಹೊಡದಂಗ ಸಪಾಟಾಗಿ. ಜಮಖಾನ ಒಂದು ಕಡೆ ಬಿದ್ದಿತ್ತು. ನನ್ನ ಹುಡುಗ್ಯಾರು ಆಗಲೇ ಗೆರಿ ಹೊಡದು ಖೊ ಖೊ ಆಡಾಕತ್ತಿದ್ರು.

ಅಪ್ಪ ಚಪ್ಪಲಿ ಬಿಟ್ಟು ಒಳಗ ಹೋದ. ಕಾಲಿಂದ ನೆಲ ಒತ್ತಿ ನೋಡಿದ. ಹಗ್ಗ ತಂದಿದ್ದ ಮೀನುಗಾರ ಅಲ್ಲೇ ಇದ್ದ.

"ನೀರು ಯಾರು ಬಿಡಿಸಿದ್ರಿ?" ಅಂತ ಅಪ್ಪ ಅವಂಗ ಕೇಳಿದ.

"ಯಾರೂ ಇಲ್ಲ. ಅದೇ ಹೋಯ್ತು. ದಿನಾ ಎರಡು ಸಲ ಬರ್ತದೆ, ಎರಡು ಸಲ ಹೋಗ್ತದೆ."

"ನೆಲ ವಾಪಸ್ ಬರಾಕ ಅರ್ಜಿ ಗಿರ್ಜಿ ಏನೂ ಕೊಡಬೇಕಾಗಿಲ್ಲೇನ್ರಿ?"

"ಯಾರಿಗೆ ಕೊಡುದು ಮಾರಾಯ್ರೇ?"

ಅಪ್ಪ ಮಳಲಿನ್ಯಾಗ ಕುಂತ. ಒಂದು ಹಿಡಿ ಮಳಲು ತಗೊಂಡು ಅಂಗೈಯಾಗ ಇಟಗೊಂಡ. ಕಣ್ಣು ತುಂಬಿದ್ವು. ಊರು ಬಿಟ್ಟ ದಿನಾನೂ ಅಪ್ಪ ಅತ್ತಿರಲಿಲ್ಲ ಅಂತ ಅವ್ವ ಹೇಳತಿದ್ದಳು.

"ನಮ್ಮ ಹೊಲದ ಮ್ಯಾಲಿನ ನೀರು ಇಳೀತಾವೇನಂತ ಎಷ್ಟ ವರ್ಷ ದಂಡಿಗೆ ನಿಂತು ನೋಡೇನಿ ಯವ್ವಾ," ಅಂದ. "ಇಲ್ಲಿ ಮಧ್ಯಾಹ್ನ ತಗೊಂಡದ್ದನ್ನ ಸಂಜಿಗೆ ಕೊಟ್ಟು ಹೋಗ್ತೈತಿ. ಇಂಥಾ ನಿಯತ್ತಿನ ಊರು ಬಿಟ್ಟು ಎಲ್ಲಿ ಹೋಗ್ತಿ? ನಿನ್ನ ಗಂಟು ಬಿಚ್ಚು."

ನಾ ಕಣ್ಣು ಒರಸಿಕೊಂಡು ಮನಿಗೆ ಓಡಿದೆ. ರಾಜೀನಾಮಿ ಹರದು ಮಾಲಕಿ ಒಲಿಗೆ ಹಾಕಿದೆ. ಗಂಟು ಬಿಚ್ಚಿ ಮುಗಿಸೋದರಾಗ ಹೊರಗ ಕ್ರೂಸರ್ ಚಾಲೂ ಆದ ಸಪ್ಪಳ ಕೇಳಿತು. ಬಂದು ನೋಡಿದ್ರ ಚಾಚಾ ಒಬ್ಬನ ಕುಂತಾನ, ಹಿಂದಿನ ಸೀಟು ಖಾಲಿ.

"ಇವರನ್ನ ಬಿಟ್ಟು ಎಲ್ಲಿಗೆ ಹೊಂಟಿ ಚಾಚಾ?" ಅಂದೆ.

"ಊರಿಗೆ. ಈಗ ಫೋನ್ ಮಾಡಿದ್ರು, ಗೌಡ್ರು ಬರಂಗಿಲ್ಲಂತ," ಅಂದ ಚಾಚಾ. "ಇನ್ನೊಂದು ತಿಂಗಳು ಮೂರೂ ಮಂದಿ ಇಲ್ಲೇ ಇರ್ತಾರಂತ. ದಿನಾ ಎರಡು ಹೊತ್ತು ಭೂಮಿ ವಾಪಸ್ ಬರೋದು ನೋಡಬೇಕಂತ."

ನನ್ನದು ಒಂದ ರೂಮಿನ ಮನಿ.