ಹಿಂದಿನ ಸೀಟಿನಲ್ಲಿ ಕೂತವಳು

ನನ್ನ ಷಡ್ಡಕರು ಇಡೀ ಜಗತ್ತಿನಲ್ಲಿ ತಮ್ಮೊಬ್ಬರನ್ನು ಮಾತ್ರ ನಂಬುತ್ತಿದ್ದರು ಎಂದು ಚಿತ್ರದುರ್ಗದ ಜನ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಆ ಒಬ್ಬರನ್ನೂ ಅವರು ನಂಬುತ್ತಿರಲಿಲ್ಲ!

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಚಿತ್ರದುರ್ಗದಲ್ಲಿ ಹತ್ತಿ ಬಿಡಿಸುವ ಮಿಲ್ಲಿನ ಮಾಲೀಕರು. ಹಾಲಿನವನು ಬಂದರೆ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದರು. ಪಂಚಾಂಗದಲ್ಲಿ ಸೂರ್ಯೋದಯದ ಹೊತ್ತು ನೋಡಿಕೊಂಡು, ಗಡಿಯಾರ ಹಿಡಿದು ಮಾಳಿಗೆ ಹತ್ತಿ, ಸೂರ್ಯ ಸರಿಯಾದ ಹೊತ್ತಿಗೆ ಬಂದನೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ಕೂರುವ ಮೊದಲು ಹಿತ್ತಲಿಗೆ ಹೋಗಿ, ಅಡುಗೆಯವನು ತಾನು ಮಾಡಿದ್ದನ್ನು ತಾನು ತಿನ್ನುತ್ತಿದ್ದಾನೆಯೇ ಎಂದು ಇಣುಕಿ ಬರುತ್ತಿದ್ದರು.

ನನ್ನನ್ನು ಬಿಟ್ಟಾರೆಯೇ? ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಣ್ಣು ನೋಡಲು ಹೋದ ದಿನ ಹೆಣ್ಣಿಗಿಂತ ಮೊದಲು ನನ್ನ ಎದುರು ಬಂದು ಕೂತವರು ಇವರು.

"ವಿಜ್ಞಾನ ಕಲಿಸ್ತೀಯಾ? ಹಂಗಾದ್ರೆ ವಿಮಾನ ಯಾಕೆ ಹಾರ್ತೈತೆ ಹೇಳು ನೋಡಾಣ."

ನಾನು ರೆಕ್ಕೆಯ ಆಕಾರ, ಗಾಳಿಯ ಒತ್ತಡ ಎಂದೆಲ್ಲ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಒಪ್ಪಿಸಿದೆ. ಅವರ ಎಡ ಹುಬ್ಬು ಮೇಲೇರಿತು.

"ಆ ಪುಸ್ತಕ ಬರ್ದೋನು ವಿಮಾನ ಹಾರ್ಸಿದಾನಾ?"

ನನ್ನ ಮದುವೆ ನಿಂತುಹೋಗುವುದರಲ್ಲಿತ್ತು. ಹಾರಿಸಿದವನಲ್ಲ ಎಂದು ನಾನು ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದರಿಂದ ಉಳಿಯಿತು.

ಇಂಥ ಮನುಷ್ಯ ಕೊಂಡದ್ದೇನು ಗೊತ್ತೇ? ವಿಮಾನ! ಅದೂ ಹಳೆಯದು!

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಡೆ ಸ್ಕೂಟರ್ ಇದ್ದವನನ್ನೇ ಜನ ತಿರುಗಿ ನೋಡುತ್ತಿದ್ದ ಕಾಲ. ಷಡ್ಡಕರು ಬೆಂಗಳೂರಿನಲ್ಲಿ ಕಾಲೇಜು ಓದುವಾಗ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ಪಡೆದಿದ್ದರು. ಆ ಕಲಿಸುವ ಶಾಲೆಯವರು ತಮ್ಮ ಹಳೆಯ ವಿಮಾನವೊಂದನ್ನು ಮಾರುತ್ತಾರೆಂದು ತಿಳಿದದ್ದೇ ತಡ, ಹೋಗಿ ತಂದೇಬಿಟ್ಟರು. ಒಂದರ ಹಿಂದೊಂದು ಎರಡೇ ಸೀಟು. ಕಬ್ಬಿಣದ ಕೊಳವೆಗಳ ಹಂದರ, ಅದರ ಮೇಲೆ ಬಣ್ಣ ಬಳಿದ ಬಟ್ಟೆ. ಹೌದು, ಬಟ್ಟೆ! "ಬಟ್ಟೆ ವಿಮಾನ ಅಂತಲ್ರೀ, ಅದನ್ನ ಒಗೆಯಾಕೆ ಯಾವ ಕೆರಿಗೆ ಹಾಕ್ತಾರೆ?" ಎಂದು ನಮ್ಮ ಶಾಲೆಯ ಜವಾನ ನನ್ನನ್ನು ಬಹಳ ಕಳಕಳಿಯಿಂದ ಕೇಳಿದ.

ಮದಕರಿಪುರದ ಕಡೆ ಅವರದೊಂದು ಉದ್ದನೆಯ ಹೊಲವಿತ್ತು. ಅದನ್ನು ಮಟ್ಟ ಮಾಡಿಸಿ, ಪಕ್ಕದಲ್ಲಿ ತಗಡಿನ ಶೆಡ್ ಹಾಕಿಸಿದರು. ಷಡ್ಡಕರಿಗೆ ಜಗತ್ತಿನ ಮೇಲೆ ಅನುಮಾನವಿದ್ದದ್ದು ಹಳೆಯ ಸುದ್ದಿ. ಈಗ ಜಗತ್ತಿಗೂ ಅವರ ಮೇಲೆ ಅನುಮಾನ ಶುರುವಾಯಿತು. ರಾತ್ರೋರಾತ್ರಿ ದುಬೈಗೆ ಹೋಗಿ ಚಿನ್ನ ತರುತ್ತಾರಂತೆ! ಅದರ ಟ್ಯಾಂಕು ತುಂಬಿಸಿದರೆ ಹುಬ್ಬಳ್ಳಿಗೆ ಹೋಗಿ ಬರುವುದೇ ಕಷ್ಟ, ದುಬೈ ಎಲ್ಲಿಂದ ಬಂತು? ಇನ್ನೊಂದು ಗುಂಪು, ಈ ವಿಮಾನ ಮೋಡಗಳನ್ನು ಹೆದರಿಸಿ ದಾವಣಗೆರೆ ಕಡೆಗೆ ಓಡಿಸುತ್ತಿದೆ ಎಂದು ಜಗಳಕ್ಕೇ ಬಂತು. ಆ ದಿನ ಅಷ್ಟರಲ್ಲೇ ಜೋರು ಮಳೆ ಬಂದದ್ದರಿಂದ ಬಂದವರು ಶೆಡ್ಡಿನೊಳಗೆ ನಿಂತು, ಟೀ ಕುಡಿದು ಹೋದರು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಬ್ಬ ಸಬ್‌ಇನ್ಸ್‌ಪೆಕ್ಟರು ವಿಚಾರಣೆಗೆ ಬಂದರು. ಮೀಸೆ, ಟೋಪಿ, ಲಾಠಿ ಎಲ್ಲ ಸರಿಯಾಗಿಯೇ ಇದ್ದವು. ಷಡ್ಡಕರು ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಕುಂತ್ಕಳ್ರಿ. ನೀವು ಪೊಲೀಸ್ ಅನ್ನಾಕೆ ಏನಾದ್ರೂ ಆಧಾರ ಐತಾ?" ಎಂದರು. ಆಮೇಲೆ ಟೀ ಕೊಟ್ಟು ಕೂರಿಸಿ, ಠಾಣೆಗೆ ಆಳು ಕಳಿಸಿ, ಇಂಥ ಮೀಸೆಯವರು ನಿಮ್ಮವರು ಹೌದೋ ಎಂದು ಕೇಳಿಸಿದರು. ವಿಚಾರಣೆಗೆ ಬಂದವರು ವಿಚಾರಣೆ ಮುಗಿಸಿಕೊಂಡು ಹೋದ ಹಾಗಾಯಿತು!

ಆ ವಿಮಾನವನ್ನು ಸಾಕುವುದಿತ್ತಲ್ಲ, ಅದನ್ನು ಕಣ್ಣಾರೆ ನೋಡಬೇಕಿತ್ತು. ಬೆಂಗಳೂರಿನಿಂದ ಡ್ರಮ್ಮಿನಲ್ಲಿ ಬಂದ ಪೆಟ್ರೋಲನ್ನು ಮೆತ್ತನೆಯ ಚರ್ಮದಲ್ಲಿ ಸೋಸುತ್ತಿದ್ದರು. ಸೋಸಿದ್ದನ್ನು ಗಾಜಿನ ಸೀಸೆಗೆ ಹಿಡಿದು, ಬಿಸಿಲಿಗೆ ಎತ್ತಿ, ಒಂದು ಹನಿ ನೀರು ಕಂಡರೂ ಮತ್ತೆ ಸೋಸುತ್ತಿದ್ದರು. ರೆಕ್ಕೆ, ಬಾಲಗಳನ್ನು ಆಡಿಸುವ ತಂತಿಗಳ ಮೇಲೆ ಮಿಲ್ಲಿನ ಹತ್ತಿಯ ಉಂಡೆಯನ್ನು ಮೆಲ್ಲಗೆ ಎಳೆಯುತ್ತಿದ್ದರು. ಎಲ್ಲಾದರೂ ಒಂದು ಎಳೆ ಕಿತ್ತಿದ್ದರೆ ಹತ್ತಿ ಅಲ್ಲಿ ಸಿಕ್ಕಿಕೊಳ್ಳಬೇಕು. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಎಂಜಿನಿಯರು ಬಂದು ಪರೀಕ್ಷೆ ಮಾಡಿದ ಮೇಲೆ ಇವರು ಮೊದಲಿನಿಂದ ಇನ್ನೊಮ್ಮೆ ನೋಡುತ್ತಿದ್ದರು.

"ಎಲ್ಲಾ ನೀವೇ ನೋಡೋದಾದರೆ ನಾನ್ಯಾಕೆ ಬರಬೇಕು ಸಾರ್?" ಎಂದು ಆತ ಒಮ್ಮೆ ಸಿಟ್ಟಾದ.

"ನಾನು ಸರಿಯಾಗಿ ನೋಡಿದೀನಾ ಅಂತ ನೋಡಾಕೆ ನೀವು. ನೀವು ಸರಿಯಾಗಿ ನೋಡಿದ್ರಾ ಅಂತ ನೋಡಾಕೆ ನಾನು. ಇದ್ರಾಗೆ ಸಿಟ್ಟಾಗೋದು ಏನೈತೆ?"

ಒಂದು ಸಲ ಕಾವಲುಗಾರನ ಹಸು ಶೆಡ್ಡಿಗೆ ನುಗ್ಗಿ ವಿಮಾನದ ಬಾಲ ನೆಕ್ಕಿತು. ಆ ಬಣ್ಣದಲ್ಲಿ ದನಕ್ಕೆ ಅದೇನು ರುಚಿಯೋ! ಅಂಗೈಯಗಲ ಬಟ್ಟೆ ಹೋಗಿತ್ತು. ತೇಪೆ ಹಾಕಿದವರು ನನ್ನ ಹೆಂಡತಿಯ ಅಕ್ಕ, ಅಂದರೆ ಷಡ್ಡಕರ ಹೆಂಡತಿ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕನ ಹೊಲಿಗೆ ಎಂದರೆ ಇರುವೆ ಸಾಲು. ಆದರೂ ಷಡ್ಡಕರು ಭೂತಗನ್ನಡಿ ಹಿಡಿದು ಒಂದೊಂದು ಹೊಲಿಗೆಯನ್ನೂ ನೋಡಿದರು. ಅಕ್ಕ ಸೂಜಿ ಹಿಡಿದು ಸುಮ್ಮನೆ ನಿಂತಿದ್ದರು. ನನ್ನ ಹೆಂಡತಿಗೆ ಮಾತ್ರ ಹೊಟ್ಟೆ ಉರಿಯಿತು. "ಹೊಲಿಯಾಕೆ ಮಾತ್ರ ನಮ್ಮಕ್ಕ ಬೇಕು! ಒಂದಿನನಾದ್ರೂ ಹತ್ತಿಸ್ಕಂಡು ಹೋಗಿದಾರಾ ಕೇಳ್ರಿ!"

ಇದು ಆ ಮನೆಯಲ್ಲಿ ಯಾರೂ ಎತ್ತದ ಮಾತು. ವಿಮಾನ ಬಂದ ದಿನ ಷಡ್ಡಕರು ನೆಂಟರಿಷ್ಟರ ಎದುರಿಗೇ "ಮೊದಲ್ನೇ ಸವಾರಿ ಇವಳಿಗೆ" ಎಂದು ಘೋಷಿಸಿದ್ದರು. ಆ ಭಾನುವಾರ ಅಕ್ಕ ಕೆಂಪಂಚಿನ ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಹೊಲದಲ್ಲಿ ನಿಂತಿದ್ದರು. ಇವರು "ಒಂದು ಸುತ್ತು ನಾನೊಬ್ನೇ ನೋಡಿ ಬರ್ತೀನಿ, ಆಮೇಲೆ ನೀನು ಹತ್ತು" ಎಂದು ಹೊಸದುರ್ಗದ ಕಡೆ ಹಾರಿದರು. ಸಂಜೆ ಬಂದರು, ಬಸ್ಸಿನಲ್ಲಿ! ವಿಮಾನ ಎಲ್ಲಿ ಎಂದರೆ "ಸಣ್ಣ ರಿಪೇರಿ" ಎಂದರು. ಕೆಲವು ದಿನಗಳಲ್ಲಿ ವಿಮಾನವೂ ಬಂತು. ಅಕ್ಕ ಮತ್ತೆ ಸಿದ್ಧರಾದರು. "ಇವತ್ತು ಗಾಳಿ ಸರಿ ಇಲ್ಲ" ಎಂದರು ಷಡ್ಡಕರು. ಮುಂದಿನ ಭಾನುವಾರವೂ ಗಾಳಿ ಸರಿ ಇರಲಿಲ್ಲ. ಹೀಗೆ ನಾಲ್ಕು ವರ್ಷ ಅಕ್ಕನ ಪಾಲಿಗೆ ಗಾಳಿ ಸರಿಹೋಗಲೇ ಇಲ್ಲ! ಇವರೊಬ್ಬರು ಹಾರುವುದಕ್ಕೆ ಮಾತ್ರ ಯಾವ ಗಾಳಿಯೂ ಅಡ್ಡಿಯಾಗಲಿಲ್ಲ. ಮೇಲಿಂದ ಕೋಟೆ ಹೇಗೆ ಕಾಣುತ್ತದೆ ಎಂದು ಕೇಳುವ ಹೆಂಗಸರಿಗೆ ಅಕ್ಕ ಏನೋ ಒಂದು ಹೇಳಿ ಮಾತು ತಿರುಗಿಸುತ್ತಿದ್ದರು.

ಹೀಗಿರುವಾಗ ಹೊಸದುರ್ಗದಿಂದ ಬಂದ ನೆಂಟರೊಬ್ಬರು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ಬಾಂಬು ಹಾಕಿದರು.

"ನಿಮ್ಮ ಷಡ್ಡಕರು ವಾರ ವಾರ ಮತ್ತೋಡು ಕಡೆ ಬರ್ತಾರಲ್ಲ, ಹಿಂದಿನ ಸೀಟಿನಾಗೆ ಒಂದು ಹೆಂಗ್ಸು ಇರ್ತೈತಂತೆ. ರೇಷ್ಮೆ ಸೀರೆ ಉಟ್ಟಿರ್ತೈತಂತೆ."

ನನ್ನ ಹೆಂಡತಿ ಆಗಲೇ ಬಟ್ಟೆ ಚೀಲ ತುಂಬಿದಳು. ಮಾರನೆಯ ದಿನವೇ ಚಿತ್ರದುರ್ಗಕ್ಕೆ ಓಡಿದೆವು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಹೋಗಿ ಟ್ರಂಕು ತೆರೆದರು. ಬಟ್ಟೆಗಳನ್ನೆಲ್ಲ ಹೊರಗೆ ತೆಗೆದಿಟ್ಟರು. ಕೆಂಪಂಚಿನ ಹಸಿರು ಸೀರೆ ಇರಲಿಲ್ಲ.

ಅಕ್ಕ ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಸೀರೆಗಳನ್ನು ಒಂದೊಂದಾಗಿ ಮಡಿಸಿ ಒಳಗಿಟ್ಟು, "ಮೇಷ್ಟ್ರೇ, ಒಂದ್ಸಲ ಹೋಗಿ ನೋಡ್ಕಂಡು ಬರ್ರಿ. ಯಾರು ಅಂತ ಗೊತ್ತಾದ್ರೆ ಸಾಕು" ಎಂದರು.

ಅನುಮಾನ ಅಂಟುರೋಗ ಸ್ವಾಮಿ! ಭಾನುವಾರ ನಾನು ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಮತ್ತೋಡಿನ ಬಸ್ಸು ಹತ್ತುವಾಗ ಕಂಡಕ್ಟರನೂ ನನ್ನನ್ನು ಹಿಂಬಾಲಿಸುತ್ತಿದ್ದಾನೆ ಎನ್ನಿಸಿತು. ಊರಾಚೆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಈರಜ್ಜ ಎಂಬ ಮುದುಕ ಸಿಕ್ಕಿದ. ವಿಮಾನ ಎಂದ ಕೂಡಲೇ ಅವನ ಮುಖ ಅರಳಿತು.

"ಬರ್ತೈತಲ್ಲ! ಇದೇ ಬಯಲಾಗೆ ಇಳೀತೈತೆ, ಏರ್ತೈತೆ. ನಮ್ಮ ಕುರಿಗಳೂ ಈಗ ಬೆದರಲ್ಲ."

"ಜೊತೆಗೆ ಯಾರಾದ್ರೂ...?" ಎಂದು ತಡವರಿಸಿದೆ.

"ಅಮ್ಮಾರು ಇರ್ತಾರೆ. ಭಾಳ ಮರ್ಯಾದಸ್ಥ ಹೆಣ್ಮಗಳು ಸ್ವಾಮಿ. ತಲೆ ಮ್ಯಾಲಿನ ಸೆರಗು ತೆಗಿಯಲ್ಲ, ಮಾತಾಡಲ್ಲ, ಕೆಳಗೂ ಇಳಿಯಲ್ಲ. ಯಪ್ಪಾ, ಅಲ್ಲಾಡೋದೂ ಇಲ್ಲ!"

ಅಷ್ಟರಲ್ಲಿ ಸದ್ದು ಕೇಳಿತು. ವಿಮಾನ ತಲೆಯ ಮೇಲೆ ಎತ್ತರದಲ್ಲಿ ಬಂತು. ಬಂದದ್ದೇ ಸದ್ದು ನಿಂತುಹೋಯಿತು. ನನ್ನ ಎದೆಯೂ ನಿಂತಿತು. ಈರಜ್ಜ ನಿಶ್ಚಿಂತೆಯಿಂದ ಬೀಡಿ ಹಚ್ಚಿ, "ಯಾವಾಗ್ಲೂ ಹಿಂಗೇ ಆಫ್ ಮಾಡ್ತಾರೆ" ಎಂದ. ವಿಮಾನ ಗಾಳಿಯಲ್ಲಿ ಜಾರುತ್ತ, ಒಂದು ಸುತ್ತು ಹಾಕಿ, ಬಯಲಿಗೆ ಇಳಿದು, ಕುಪ್ಪಳಿಸಿ, ನಿಂತಿತು. ಹಿಂದಿನ ಸೀಟಿನಲ್ಲಿ ಹಸಿರು ಸೀರೆ, ಕೆಂಪಂಚು!

ನಾನು ಓಡಿದೆ. ಅಕ್ಕನ ಪರವಾಗಿ ಏನೇನು ಬೈಯಬೇಕೆಂದು ಬಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಬಾಗಿಲಿಗೆ ಕೈಹಾಕಿ ಇಣುಕಿದೆ.

ಬೆಲ್ಟು ಕಟ್ಟಿಸಿಕೊಂಡು, ಸೀರೆ ಸುತ್ತಿಸಿಕೊಂಡು, ಸೆರಗು ಹೊದ್ದು ಕೂತಿದ್ದದ್ದು ಒಂದು ಶೇಂಗಾ ಚೀಲ. ಅದರ ಮೇಲೆ ತಲೆಯ ಜಾಗಕ್ಕೆ ಇನ್ನೊಂದು ಪುಟ್ಟ ಗಂಟು.

"ಯಾರು ಕಳ್ಸಿದ್ರು ನಿನ್ನ?" ಷಡ್ಡಕರ ಮೊದಲ ಪ್ರಶ್ನೆ! ಆಮೇಲೆ ನನ್ನ ಮುಖ ನೋಡಿ ಅವರೇ ನಿಧಾನವಾಗಿ ಇಳಿದರು. ರೆಕ್ಕೆಯ ನೆರಳಿನಲ್ಲಿ ನೆಲದ ಮೇಲೆ ಕೂತರು.

"ಮೊದಲ್ನೇ ದಿನ ಇಲ್ಲೇ ಮೇಲೆ ಇಂಜಿನ್ ನಿಂತೋಯ್ತು ಮೇಷ್ಟ್ರೇ. ಕೈಕಾಲು ತಣ್ಣಗಾದ್ವು. ಕೆಳಗೆ ಹೆಂಗೆ ಬಂದೆ ಅಂತ ಇವತ್ತಿಗೂ ಗೊತ್ತಿಲ್ಲ. ಇಳಿದ್ಮೇಲೆ ಹಿಂದಿನ ಸೀಟು ನೋಡ್ದೆ. ಅವಳು ಅಲ್ಲಿ ಕುಂತಿರ್ಬೇಕಿತ್ತಲ್ಲ..."

ನಾನೂ ಅವರ ಪಕ್ಕದಲ್ಲಿ ಕೂತೆ.

"ಇಂಜಿನ್ ಬಿಚ್ಚಿ ನೋಡ್ದೆ, ಪೆಟ್ರೋಲ್ ಸೋಸ್ದೆ, ತಂತಿ ನೋಡ್ದೆ. ಅವುಗಳ ಮೇಲಿನ ಅನುಮಾನ ಹೋಯ್ತು. ನನ್ನ ಮೇಲಿಂದು ಹೋಗವಲ್ದು. ಅದ್ಕೇ ಅವಳ ತೂಕದ್ದು ಒಂದು ಚೀಲ ಹಾಕ್ಕಂಡು ಬಂದು, ಆಫ್ ಮಾಡಿ, ಇಳಿಸೋದು ಕಲೀತಿದೀನಿ."

"ಸರಿ ಅಣ್ಣಾವ್ರೇ. ಸೀರೆ ಯಾಕೆ?"

ಅವರು ಹಿಂದಿನ ಸೀಟಿನ ಕಡೆ ಕೈ ತೋರಿಸಿದರು. "ಬರೇ ಚೀಲ ಆದ್ರೆ ತಿರುಗಿ ನೋಡ್ದಾಗ ಶೇಂಗಾ ಕಾಣ್ತೈತೆ. ಶೇಂಗಾ ಕಂಡ್ರೆ ಭಯ ಆಗಲ್ಲ. ಸೀರೆ ಕಂಡ್ರೆ ಆಗ್ತೈತೆ."

ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಳ್ಳಲು ಬಂದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಚಿತ್ರದುರ್ಗಕ್ಕೆ ಬಂದವನೇ ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕ ತುಟಿ ಬಿಗಿಹಿಡಿದು ಕೇಳಿದರು. ಮುಂದಿನ ಭಾನುವಾರ ನಮ್ಮಿಬ್ಬರನ್ನೂ ಕರೆದುಕೊಂಡು ಮದಕರಿಪುರದ ಹೊಲಕ್ಕೆ ಹೊರಟರು. ನೂಲಿನ ಸೀರೆ, ಕಾಲಿಗೆ ಹವಾಯಿ ಚಪ್ಪಲಿ.

ಷಡ್ಡಕರು ಆಗಷ್ಟೇ ಚೀಲಕ್ಕೆ ಬೆಲ್ಟು ಹಾಕುತ್ತಿದ್ದರು. ಅಕ್ಕನನ್ನು ಕಂಡು ಕಳ್ಳನಂತೆ ನಿಂತರು. ಅಕ್ಕ ಚೀಲವನ್ನು ಬಗ್ಗಿ ನೋಡಿದರು.

"ನಾನು ಇಷ್ಟು ದಪ್ಪ ಇದೀನೇನ್ರಿ?"

"ಒಡವೆ ತೂಕಾನೂ ಸೇರ್ಸಿದೀನಿ" ಎಂದರು ಷಡ್ಡಕರು, ಮೆಲ್ಲಗೆ.

"ಇಳಿಸ್ರಿ ಅದನ್ನ."

"ಇವತ್ತು ಗಾಳಿ..."

"ಗಾಳಿ ನಂಗೂ ಬಡೀತೈತೆ. ಸರಿಯಾಗೇ ಐತೆ. ಇಳಿಸ್ರಿ ಅಂದೆ."

ನಾನೂ ಕಾವಲುಗಾರನೂ ಚೀಲ ಇಳಿಸಿದೆವು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ ಕೂತರು. ಷಡ್ಡಕರು ಅವರ ಬೆಲ್ಟನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದರು. ಆಮೇಲೆ ವಿಮಾನ ಹೊಲದ ಉದ್ದಕ್ಕೂ ಓಡಿ, ಮೇಲೆದ್ದು, ಕೋಟೆಯ ಕಡೆ ಹೋಗಿ ಚುಕ್ಕೆಯಾಯಿತು. ನನ್ನ ಹೆಂಡತಿ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ, ಉಗುರಿನ ಗುರುತು ಆಮೇಲೂ ಇತ್ತು. ವಿಜ್ಞಾನದ ಮೇಷ್ಟ್ರಾದ ನಾನು, ವಿಮಾನ ಯಾಕೆ ಹಾರುತ್ತದೆ ಎಂದು ಬಲ್ಲವನು, ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಇಳಿದರು. ಆ ಇಳಿಯುವಿಕೆಯಲ್ಲಿ ಒಂದು ಕುಪ್ಪಳಿಕೆಯೂ ಇರಲಿಲ್ಲ. ಷಡ್ಡಕರ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಸುದ್ದಿ ತಿಳಿದು ಸೇರಿದ್ದ ಜನ ಅಕ್ಕನನ್ನು ಮುತ್ತಿಕೊಂಡರು. ಕೋಟೆ ಕಂಡಿತಾ? ಬೆಟ್ಟ ಕಂಡಿತಾ? ನಮ್ಮ ಹೊಲ ಕಂಡಿತಾ? "ಹೂಂ, ಎಲ್ಲಾ ಚೆನ್ನಾಗೈತೆ" ಎಂದಷ್ಟೇ ಹೇಳಿ ಅಕ್ಕ ಮನೆಗೆ ನಡೆದರು.

ಮಧ್ಯಾಹ್ನ ಅಡುಗೆಮನೆಯಲ್ಲಿ ನನ್ನ ಹೆಂಡತಿ ಬಿಡಲಿಲ್ಲ. "ನಿಜ ಹೇಳಕ್ಕಾ, ಮೇಲಿಂದ ಏನು ನೋಡ್ದೆ?"

ಅಕ್ಕ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು. ನಡುಮನೆಯಲ್ಲಿದ್ದ ಗಂಡನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು.

"ಏನೂ ನೋಡ್ಲಿಲ್ಲ ಕಣೇ. ಮುಂದೆ ಅವ್ರ ಕತ್ತು ಕಾಣ್ತಿತ್ತು. ಹಿಂದ್ಗಡೆ ಕೂದ್ಲೆಲ್ಲ ಬೆಳ್ಳಗಾಗ್ಯವೆ. ಒಂದೇ ಮನೇಲಿ ಇದೀನಿ, ಯಾವಾಗ ನರೆತ್ವೋ ನಂಗೆ ಗೊತ್ತೇ ಆಗಿಲ್ಲ ನೋಡು. ಅದನ್ನೇ ನೋಡ್ತಾ ಕುಂತಿದ್ದೆ. ಅಷ್ಟರಾಗೆ ಇಳಿದೇ ಬಿಟ್ವು."