ನಾಲ್ಕು ಹಲ್ಲಿನ ಮೋಟಾರು

ಜಗಲಿ ಮೇಲೆ ಸುಮ್ಮನೆ ಕೂತಿದ್ದರೂ ಎಡವಟ್ಟುಗಳು ನನ್ನ ಮನೆ ವಿಳಾಸ ಕೇಳಿಕೊಂಡು ಬರುತ್ತವೆ. ಇದು ಇವತ್ತು ನಿನ್ನೆಯದಲ್ಲ, ಮಹಾರಾಜರ ಕಾಲದಿಂದಲೂ ಹೀಗೇ. ನನಗೆ ಅಕ್ಷರ ಬರದು. ನಾನು ಹೇಳುತ್ತೇನೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ನಡುನಡುವೆ ಪೆನ್ಸಿಲ್ ನಿಲ್ಲಿಸಿ, "ತಾತ, ಇದು ನಿಜವಾ?" ಅನ್ನುತ್ತಾಳೆ. "ಬರ್ಕೊ ಬರ್ಕೊ. ಸುಳ್ಳು ಅನ್ನಕ್ಕೆ ಆಗ ನೋಡಿದೋರು ನಿಮ್ಮಜ್ಜಿ ಬಿಟ್ರೆ ಯಾರೂ ಉಳಿದಿಲ್ಲ" ಅನ್ನುತ್ತೇನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಬಾಡಿಗೆ ಮೋಟಾರು ಓಡಿಸಿದ ಮೊದಲ ರೈತ ನಾನೇ. ಅಲ್ಲ ಅನ್ನುವವನು ಎದುರಿಗೆ ಬಂದು ಅನ್ನಲಿ.

ಟವಲಿನ ಕೆಳಗೆ ಕೊಂಡ ಕಾರು

ಹನಗೋಡಿನ ನಮ್ಮ ಮಾವ ಮದುವೆಯಲ್ಲಿ ನನಗೆ ಒಂದು ಜೋಡಿ ಹಳ್ಳಿಕಾರ್ ಎತ್ತು ಕೊಟ್ಟಿದ್ದರು. ಅವನ್ನು ಮಾರಿ ಹಳೇ ಮೋಟಾರು ಕೊಳ್ಳುತ್ತೇನೆ ಅಂದಾಗ ಮಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮಾರಿ ಅಳಿಯಂದ್ರೇ, ಬ್ಯಾಡ ಅನ್ನಕಿಲ್ಲ. ಆದ್ರೆ ಆ ಗಾಡಿ ಓಡದಂಗಾಯ್ತು ಅಂತ ಕಿವಿಗೆ ಬಿದ್ದ ದಿನ ಹಗ್ಗ ತಕ್ಕೊಂಡು ಬತ್ತೀನಿ. ಎತ್ತಿನ ಜಾಗದಲ್ಲಿ ನಿಮ್ಮನ್ನೇ ಕಟ್ಟಿ ಹೊಲ ಹೂಡ್ತೀನಿ."

ಮಾವ ತಮಾಷೆ ಮಾಡುವ ಆಳಲ್ಲ. ಅವರು ನಕ್ಕಿದ್ದನ್ನು ನನ್ನ ಹೆಂಡತಿಯೇ ಕಂಡಿರಲಿಲ್ಲ. ಆದರೂ ನಾನು ಜಗ್ಗಲಿಲ್ಲ. ಎತ್ತು ಮಾರಿ, ದನದ ಸಂತೆಯ ದಲ್ಲಾಳಿಯನ್ನು ಜೊತೆಗೆ ಕರೆದುಕೊಂಡು ಕೊಡಗಿನ ಗಡಿಯ ಕೊಪ್ಪಕ್ಕೆ ಹೋದೆ. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಹಳೇ ಕಾರನ್ನು ಮಾರಲಿಕ್ಕೆ ಅಲ್ಲಿಗೆ ತಂದಿದ್ದ. ಮಾತು ತಿಳಿಸಲಿಕ್ಕೆ ಅವನ ಬಟ್ಲರು ಪಕ್ಕದಲ್ಲಿದ್ದ.

ನಮ್ಮ ದಲ್ಲಾಳಿಗೆ ಕಾರೂ ಒಂದೇ, ಹೋರಿಯೂ ಒಂದೇ. ಸುತ್ತ ಬಂದು ಸುಳಿ ಹುಡುಕಿದ. ಹಿಂದಿನ ಚಕ್ರ ತಟ್ಟಿ ಒದೆಯುತ್ತದಾ ನೋಡಿದ. ಆಮೇಲೆ ಬಾನೆಟ್ಟು ಎತ್ತಿಸಿ ಒಳಗೆ ಇಣುಕಿ ಕೇಳಿದ: "ಹಲ್ಲೆಷ್ಟು?"

ಬಟ್ಲರು ಗಾಬರಿಯಾಗಿ, "ಹಲ್ಲಿಲ್ಲ, ನಾಲ್ಕು ಸಿಲಿಂಡರು" ಅಂದ.

"ನಾಲ್ಕಾ? ನಾಲ್ಕು ಹಲ್ಲಂದ್ರೆ ಇನ್ನೂ ಪ್ರಾಯ ಕಣ್ಲಾ, ಧೈರ್ಯವಾಗಿ ಹಿಡಿ" ಅಂದ ನನಗೆ. ಆ ಕಾರಿಗೆ ಆಗಲೇ ಹತ್ತು ವರ್ಷದ ಮೇಲಾಗಿತ್ತು.

ದೊರೆ ಬೆಲೆ ಹೇಳಲು ಬಾಯಿ ತೆರೆದ. ದಲ್ಲಾಳಿ ತಡೆದ. ಬಾಯಲ್ಲಿ ಬೆಲೆ ಕೂಗುವುದು ಸೊಪ್ಪಿನ ವ್ಯಾಪಾರ; ನಮ್ಮಲ್ಲಿ ಎತ್ತಿನ ವ್ಯಾಪಾರ ಟವಲಿನ ಕೆಳಗೆ, ಬೆರಳು ಹಿಡಿದು. ನೂರಕ್ಕೊಂದು ಬೆರಳು. ಬಟ್ಲರು ವಿವರಿಸಿದ. ದೊರೆಗೆ ಖುಷಿಯಾಗಿ ಬಲಗೈ ನೀಡಿದ. ದಲ್ಲಾಳಿ ಹೆಗಲಿನ ಟವಲ್ ಮುಚ್ಚಿ, ಒಳಗೆ ಕೈ ಹಾಕಿ, ಗಟ್ಟಿಯಾಗಿ ಹಿಡಿದು, "ಆಯ್ತು, ವ್ಯಾಪಾರ ಮುಗೀತು!" ಅಂದ.

"ದೊರೆಗಳು ಐದು ಹೇಳ್ತಾವ್ರೆ. ನೀನು ಮೂರೇ ಹಿಡಿದಿದ್ದೀಯಂತೆ" ಅಂದ ಬಟ್ಲರು.

ದಲ್ಲಾಳಿ ಟವಲ್ ಎತ್ತಿದ. ಯುದ್ಧಕ್ಕೆ ಹೋಗಿ ಬಂದ ದೊರೆಯ ಆ ಕೈಯಲ್ಲಿ ಇದ್ದದ್ದೇ ಮೂರು ಬೆರಳು.

"ಇರೋ ಬೆರಳೆಲ್ಲಾ ಹಿಡಿದಿವ್ನಿ ಬುದ್ದಿ. ಇನ್ನೆರಡು ತರ್ಸಿ, ಅವನ್ನೂ ಹಿಡೀತೀನಿ."

ಬಟ್ಲರು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ದೊರೆ ಕಾರಿನ ಮಡ್‌ಗಾರ್ಡಿನ ಮೇಲೆ ಕೂತು, ಮುಖ ಮೆಣಸಿನಕಾಯಿ ಆಗುವವರೆಗೂ ನಕ್ಕು, ಮೂರಕ್ಕೇ ಕೊಟ್ಟುಬಿಟ್ಟ.

ಗೋಡೆ ಒಡೆದವರು ಇಬ್ಬರೇ

ಆ ಕಾರಿನ ಕಂಪನಿಯ ಚರಿತ್ರೆಯನ್ನು ಬಟ್ಲರು ನನಗೆ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹೇಳಿದ. ನಾನು ಅದನ್ನೇ ಮೂವತ್ತು ವರ್ಷ ಪ್ಯಾಸೆಂಜರುಗಳಿಗೆ ಹೇಳಿದೆ. ಪ್ರತಿ ಸಲ ಸ್ವಲ್ಪ ಬೆಳೆಯಿತು, ಅದು ಬೇರೆ ಮಾತು.

ಅಮೆರಿಕದಲ್ಲಿ ಒಬ್ಬ ರೈತನ ಮಗ. ಹೊಲದ ಕೆಲಸ ಕಂಡರೆ ಆಗದು, ನನ್ನ ಹಾಗೇ. ಮನೆ ಹಿಂದಿನ ಕೊಟ್ಟಿಗೆಯಲ್ಲಿ ಕೂತು ಒಂದು ಗಾಡಿ ಮಾಡಿದ. ಮಾಡಿ ಮುಗಿದ ಮೇಲೆ ನೋಡಿದರೆ ಗಾಡಿ ದೊಡ್ಡದು, ಬಾಗಿಲು ಚಿಕ್ಕದು. ಯೋಚನೆ ಮಾಡಲಿಲ್ಲ. ಕೊಡಲಿ ತಗೊಂಡ, ಗೋಡೆ ಒಡೆದ, ಗಾಡಿ ಆಚೆ ತಂದ. ಆಮೇಲೆ ಕಾರ್ಖಾನೆ ಹಾಕಿದ. ಅಲ್ಲಿ ಕೆಲಸದವರು ಕಾರಿನ ಹತ್ತಿರ ಹೋಗುವುದಿಲ್ಲವಂತೆ. ಕಾರೇ ಜರುಗಿಕೊಂಡು ಒಬ್ಬೊಬ್ಬರ ಮುಂದೆ ಬರುತ್ತದಂತೆ, ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಬಂದ ಹಾಗೆ. ಒಬ್ಬ ಚಕ್ರ ಬಡಿಸುತ್ತಾನೆ, ಮುಂದಿನವನು ಸೀಟು ಬಡಿಸುತ್ತಾನೆ. ಬಣ್ಣ ಮಾತ್ರ ಕಪ್ಪು. ಬೇರೆ ಕೇಳುವ ಹಾಗೇ ಇಲ್ಲ.

ಊರಿಗೆ ಬಂದು ಕಾರನ್ನು ಕೊಟ್ಟಿಗೆಗೆ ಹೊಡೆದರೆ ನಮ್ಮದೂ ಬಾಗಿಲು ಚಿಕ್ಕದು. ನಾನೇನು ಅವನಿಗಿಂತ ಕಡಿಮೆಯಾ? ಹಾರೆ ತಗೊಂಡೆ, ಗೋಡೆ ಒಡೆದೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಆ ಪುಣ್ಯಾತ್ಮಂಗೆ ಗೋಡೆ ಒಡೆದ ಮ್ಯಾಲೆ ಕಾರ್ಖಾನೆ ಬಂತು. ನಿಮಗೇನು ಬತ್ತದೆ?"

"ಸದ್ಯಕ್ಕೆ ಗಾಳಿ ಬತ್ತಾದೆ ಬುಡು" ಅಂದೆ.

ಹೆಂಡತಿ ಮಾಡಿದ ಬಣ್ಣ

ಮೊದಲ ದೊಡ್ಡ ಬಾಡಿಗೆ ಪಿರಿಯಾಪಟ್ಟಣದ ಒಂದು ಮದುವೆಯದು. ಗಂಡಿನ ಅಪ್ಪ ಕಾರು ನೋಡಿ ಮುಖ ಸಿಂಡರಿಸಿದ. "ಶುಭಕಾರ್ಯಕ್ಕೆ ಈ ಕರೀ ಪೆಟ್ಟಿಗೇಲಿ ಗಂಡನ್ನ ಕೂರ್ಸಾದಾ? ಆ ಬಸ್ಸಿನ ಯಜಮಾನ ಅವ್ನಲ್ಲ, ಅವನ ಹೊಸಾ ಬಸ್ಸು ಹಳದಿ ಬಣ್ಣ. ಅದನ್ನೇ ಮಾಡ್ತೀವಿ."

ಈ ಬಸ್ಸಿನ ಯಜಮಾನ ನನ್ನ ಹಗೆ. ಹುಣಸೂರಿನಲ್ಲಿ ಹೊಸ ಬಸ್ಸು ಇಟ್ಟುಕೊಂಡು ತಾನೇ ಓಡಿಸುತ್ತಿದ್ದ. ನನ್ನ ಕಾರು ಕಂಡಾಗಲೆಲ್ಲ "ಗುಜರೀ" ಅಂತ ಕೂಗಿ ಹಾರನ್ ಹೊಡೆಯುತ್ತಿದ್ದ.

ಅವನಿಗೆ ಬಿಟ್ಟುಕೊಡುವುದುಂಟೇ? "ನಾಳೆ ಬೆಳಿಗ್ಗೆ ನಂದೂ ಹಳದಿಯಾಗೇ ಬತ್ತದೆ" ಅಂದುಬಿಟ್ಟೆ.

ಹೆಂಡತಿ ಎರಡು ಸೇರು ಅರಿಶಿನ ಕಲಸಿ ಕಾರಿಗೆಲ್ಲ ಬಳಿದಳು. ಮದುಮಗಳಿಗಿಂತ ಚೆನ್ನಾಗಿ ಕಾಣಿಸಿತು. ಅಲ್ಲಿಗೆ ನಿಲ್ಲಿಸಬಾರದಿತ್ತಾ? ಅಂದ ಹೆಚ್ಚಲಿ ಅಂತ ಅದರ ಮೇಲೆ ಸುಣ್ಣದಲ್ಲಿ ಪಟ್ಟೆ ಎಳೆದಳು. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಅಂತ ಪ್ರತಿ ಮನೆಯಲ್ಲೂ ಆರತಿ ತಟ್ಟೆ ಹಿಡಿದವರಿಗೆ ಗೊತ್ತು. ಕೈ ಓಡುವಾಗ ಅವಳಿಗೆ ಮರೆತುಹೋಗಿತ್ತು. ದಾರಿಯಲ್ಲಿ ಒಂದು ಹನಿ ಮಳೆ ಬೇರೆ ಬಿತ್ತು. ಕಾರು ಕೆಂಪಗೆ ಸುರಿಯತೊಡಗಿತು. ಗಂಡು, ಗಂಡಿನ ಅಪ್ಪ, ಜೊತೆಯಲ್ಲಿದ್ದ ಚಿಕ್ಕಪ್ಪ, ಮೂವರ ಬಿಳೀ ಪಂಚೆಯೂ ಕುಂಕುಮ.

ಹೆಣ್ಣಿನ ಮನೆ ಚಪ್ಪರದಲ್ಲಿ ಇಳಿದಾಗ ಒಬ್ಬ ಅಜ್ಜಿ ಕಣ್ಣ ಮೇಲೆ ಕೈ ಅಡ್ಡ ಹಿಡಿದು ನೋಡಿ ಕೂಗಿದಳು: "ಅಯ್ಯೋ, ತಾಳಿ ಕಟ್ಟಕ್ ಮುಂಚೇನೇ ಓಕುಳಿ ಆಡ್ಕೊಂಡು ಬಂದ್ಬುಟ್ಟವ್ರೆ ಕಣ್ರವ್ವಾ!"

ಗಂಡಿನ ಅಪ್ಪ ನನಗೆ ಬೈದದ್ದನ್ನು ಮೊಮ್ಮಗಳ ಕೈಲಿ ಬರೆಸಲಾರೆ. ಆದರೆ ಒಂದು ಹೇಳುತ್ತೇನೆ. ಅಷ್ಟು ದೊಡ್ಡ ಕಂಪನಿಯವನು ಕಪ್ಪು ಬಿಟ್ಟು ಬೇರೆ ಬಣ್ಣ ಆಗೋದಿಲ್ಲ ಅಂದಿದ್ದ. ನನ್ನ ಹೆಂಡತಿ ಒಂದೇ ಬೆಳಿಗ್ಗೆ ಎರಡು ಬಣ್ಣ ಮಾಡಿ ತೋರಿಸಿದಳು.

ಕಬ್ಬಿನ ಹಾಲು ಕುಡಿದ ಕಾರು

ಕೃಷ್ಣರಾಜನಗರದ ಕಡೆ ಒಬ್ಬ ಗೌಡರ ಆಲೆಮನೆ. ಗಾಣದ ಎತ್ತುಗಳಿಗೆ ಕಾಲುಬೇನೆ ಬಂದು ಕಬ್ಬು ಒಣಗುತ್ತಿತ್ತು. ನಾನು ಹೋಗಿ ಕಾರಿನ ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಅದಕ್ಕೂ ಗಾಣಕ್ಕೂ ಪಟ್ಟಿ ಕಟ್ಟಿ, ಎಂಜಿನ್ ಚಾಲೂ ಮಾಡಿದೆ. ಎಂಟು ಎತ್ತು ಎರಡು ದಿನ ಅರೆಯುವ ಕಬ್ಬನ್ನು ನನ್ನ ಕಾರು ಮಧ್ಯಾಹ್ನದೊಳಗೆ ಅರೆಯಿತು. ಮೊಮ್ಮಗಳು ಹುಬ್ಬು ಹಾರಿಸುತ್ತಿದ್ದಾಳೆ. ಇರಲಿ, ಆರು ಎತ್ತು ಅಂತ ಬರ್ಕೊ.

ಗೌಡರು ಧರ್ಮಿಷ್ಠರು. ತಮ್ಮ ಆಲೆಮನೆಯಲ್ಲಿ ದುಡಿದ ಯಾವ ಜೀವವೂ ಹಸಿದು ಹೋಗಬಾರದು ಅನ್ನುವುದು ಅವರ ಮನೆತನದ ಪದ್ಧತಿ. ನಾನು ಊಟಕ್ಕೆ ಕೂತಿದ್ದಾಗ ಕಾರಿನ ಮುಂದೆ ಒಂದು ಹೊರೆ ಕಬ್ಬಿನ ಸೋಗೆ ಹಾಕಿಸಿದರು. ಅದು ಮೂಸಲೂ ಇಲ್ಲ. ನೀರಡಿಕೆ ಇರಬೇಕು ಅಂತ ನೋಡಿದರೆ ಮೂತಿಯ ಮೇಲಿನ ಮುಚ್ಚಳದಿಂದ ಹಬೆ ಬರುತ್ತಿತ್ತು. ಬಾಯಿ ಅಲ್ಲೇ ಇದೆ ಅಂತ ತಿಳಿದು, ಮುಚ್ಚಳ ತೆಗೆಸಿ ಎರಡು ಕೊಡ ಕಬ್ಬಿನ ಹಾಲು ಹುಯ್ಯಿಸಿಬಿಟ್ಟರು.

ನನಗೆ ಹೇಳಲಿಲ್ಲ. ಕೊಟ್ಟ ದಾನ ಹೇಳಿಕೊಳ್ಳುವ ಜನ ಅಲ್ಲ ಅವರು.

ಹುಣಸೂರಿಗೆ ಬರುವ ಹೊತ್ತಿಗೆ ರೇಡಿಯೇಟರಿನಲ್ಲಿ ಪಾಕ ಎಳೆ ಬಂದಿತ್ತು. ಸಂತೆ ಬೀದಿಯ ನಡುವೆ ಕಾರು ನಿಂತಿತು. ಜೇನುಹುಳ ಮುತ್ತಿದವು. ಅದೇ ಹೊತ್ತಿಗೆ ತಾಲ್ಲೂಕಿಗೇ ದೊಡ್ಡ ಅಧಿಕಾರಿ, ಅಮಲ್ದಾರರ ಜಟಕಾ ಬರಬೇಕಾ? ಅಮಲ್ದಾರರ ಕೆನ್ನೆಗೆ ಒಂದು, ಕುದುರೆಗೆ ಎರಡು ಹುಳ ಕಡಿದು, ಕುದುರೆ ಜಟಕಾ ಸಮೇತ ಕಚೇರಿ ದಾಟಿ ಓಡಿತು.

ಬಸ್ಸಿನ ಯಜಮಾನನಿಗೆ ಇದೇ ಸಾಕಾಯಿತು. "ಬುದ್ದಿ, ಆ ಗುಜರಿಗೆ ಪರವಾನಗಿ ಕೊಡಬ್ಯಾಡಿ. ಜನ ಸಾಯ್ತಾರೆ" ಅಂತ ಅಮಲ್ದಾರರ ಮುಂದೆ ಕೈ ಮುಗಿದ.

ಅಮಲ್ದಾರರು ಊದಿದ ಕೆನ್ನೆ ಹಿಡಿದುಕೊಂಡೇ ನನಗೆ ತೀರ್ಪು ಹೇಳಿದರು. "ಬರೋ ಸೋಮವಾರ ಹೆಗ್ಗಡದೇವನಕೋಟೆ ರಸ್ತೆಯ ಏರಿಗೆ ಬಾ. ನಾಲ್ಕು ಜನರನ್ನು ಕೂರಿಸಿಕೊಂಡು ಮೇಲೆ ಹತ್ತಿದರೆ ಪರವಾನಗಿ. ನಿಂತರೆ, ಇನ್ನು ರಸ್ತೆಗೆ ಇಳಿಸಕೂಡದು."

ಆ ವಾರವೆಲ್ಲ ನಾನು ಬಿಸಿನೀರು ಹುಯ್ದು ರೇಡಿಯೇಟರು ತೊಳೆದೆ. ಹೆಂಡತಿ ಕೆಳಗೆ ಪಾತ್ರೆ ಹಿಡಿದಳು. ಆ ವರ್ಷದ ಯುಗಾದಿ ಒಬ್ಬಟ್ಟಿಗೆ ನಾವು ಬೆಲ್ಲ ಕೊಳ್ಳಲಿಲ್ಲ.

ಏರು

ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಏರಿಗೆ ಹೋಗಿ ನೋಡಿದೆ. ಅರ್ಧಕ್ಕೆ ಕಾರು ಕೆಮ್ಮಿ ನಿಂತಿತು. ಮತ್ತೆ ಹತ್ತಿಸಿದೆ, ಅಲ್ಲೇ ನಿಂತಿತು. ಮೂರನೇ ಸಲವೂ ಅಷ್ಟೆ. ಕಣ್ಣ ಮುಂದೆ ಮಾವ ಹಗ್ಗ ಹೊಸೆಯುತ್ತಾ ಕೂತಂತೆ ಕಾಣಿಸಿತು.

ಹೆಂಡತಿ ಕೇಳಿದಳು, "ಪೆಟ್ರೋಲ್ ಎಲ್ಲದೆ?"

"ನೀನು ಕುಂತಿರೋ ಸೀಟಿನ ಕೆಳಗೆ."

"ಎಂಜಿನ್ನು?"

"ಮುಂದೆ."

"ಏರಲ್ಲಿ ಮುಂದೆ ಅಂದ್ರೆ ಮ್ಯಾಲಾಯ್ತು. ಕಾಲುವೆ ಕೆಳಗಿದ್ದು ಗದ್ದೆ ಮ್ಯಾಲಿದ್ರೆ ನೀರು ಹತ್ತೀತಾ? ಮೂತಿ ಕೆಳಗ್ಮಾಡಿ."

ಈ ಉಪಾಯ ನನ್ನದೇ ಅಂತ ಇಲ್ಲಿಯವರೆಗೂ ಎಲ್ಲರಿಗೂ ಹೇಳಿದ್ದೇನೆ. ಇವತ್ತು ನಿಜ ಬರೆಸುತ್ತಿದ್ದೇನೆ, ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಾಳೆ.

ಸೋಮವಾರ ಏರಿನ ಬುಡದಲ್ಲಿ ಅರ್ಧ ತಾಲ್ಲೂಕು ಸೇರಿತ್ತು. ಮಾವ ಹೇಳಿದಂತೆ ಹಗ್ಗ ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. "ಮೇಲೆ ಹತ್ತದಿದ್ರೆ ಇಂಗೇ ಹನಗೋಡಿಗೆ ನಡೆಯಿರಿ" ಅಂದು ಹಿಂದಿನ ಸೀಟಿನಲ್ಲಿ ಕೂತರು. ಅವರ ಪಕ್ಕ ದಲ್ಲಾಳಿ. ಇನ್ನಿಬ್ಬರು ಸರಗೂರು ಸಂತೆಗೆ ಹೋಗುವವರು. ಮೇಲಕ್ಕೆ ಬಿಟ್ಟರೆ ಸಾಕು ಅಂತ ಬಿಟ್ಟಿ ಹತ್ತಿದ್ದರು. ಅಮಲ್ದಾರರು ಪರೀಕ್ಷೆ ಮಾಡಲು ಬಸ್ಸಿನ ಮುಂದಿನ ಸೀಟಿನಲ್ಲಿ, ಯಜಮಾನನ ಪಕ್ಕ ಕೂತು ನನ್ನ ಹಿಂದೆ ಬರುವುದು ಅಂತ ಆಯಿತು.

ನಾನು ಕಾರು ತಿರುಗಿಸಿದೆ. ಮೂತಿ ಹುಣಸೂರಿಗೆ, ಬೆನ್ನು ಏರಿಗೆ.

"ಓಡೋಗ್ತಾವ್ನೆ ಬುದ್ದಿ, ಓಡೋಗ್ತಾವ್ನೆ!" ಅಂತ ಬಸ್ಸಿನ ಯಜಮಾನ ಕುಣಿದ.

ಹಿಂದಕ್ಕೆ ಹೋಗುವ ಪೆಡಲನ್ನು ಒತ್ತಿದೆ. ಕಾರು ಹಿಂದುಹಿಂದಕ್ಕೆ ಏರು ಹತ್ತತೊಡಗಿತು. ಹೆಂಡತಿ ಸೀರೆ ಬಿಗಿದು ಫುಟ್‌ಬೋರ್ಡಿನ ಮೇಲೆ ನಿಂತು, ನೇಗಿಲು ಹೊಡೆದ ಹಾಗೆ ದಾರಿ ಹೇಳುತ್ತಿದ್ದಳು: "ಎಡಕ್ಕೆ... ಇನ್ನೂ ಎಡಕ್ಕೆ... ಹಾ, ಸಾಲು ಸರಿಯಾಯ್ತು!" ನಾನು ಹಿಂದಕ್ಕೆ ನೋಡುವ ಕೆಲಸವೇ ಇರಲಿಲ್ಲ. ನನ್ನ ಮುಂದೆ ಬಸ್ಸು. ಗಾಜಿನ ಹಿಂದೆ ಯಜಮಾನನ ಮುಖ. ಎಲೆಯಡಿಕೆ ಹಾಕಿಕೊಂಡೆ. ಅವನಿಗೂ ಬೇಕಾ ಅಂತ ಸನ್ನೆ ಮಾಡಿದೆ.

ಮುಕ್ಕಾಲು ಏರಿನಲ್ಲಿ ಬಸ್ಸು ಬುಸ್ಸೆಂದಿತು. ಹೊಸ ಬಸ್ಸು ಅಂತ ಮೂವತ್ತು ಜನರನ್ನು ತುಂಬಿಕೊಂಡಿದ್ದ. ರೇಡಿಯೇಟರು ಕುದಿದು ಹಬೆ ಎದ್ದಿತು, ಬಸ್ಸು ನಿಂತಿತು. ತಮಾಷೆ ನೋಡಲು ನಾನೂ ಬ್ರೇಕು ಹಾಕಿದೆ. ಯಜಮಾನ ಇಳಿದು, ನನ್ನ ಕಡೆ ನೋಡದೆ, ಗಾಳಿಗೆ ಹೇಳಿದ ಹಾಗೆ ಕೂಗಿದ: "ನೀರದಾ?"

ಫುಟ್‌ಬೋರ್ಡಿನಿಂದ ಹೆಂಡತಿ ಅಂದಳು: "ನೀರಿಲ್ಲ ಕಣಣ್ಣ. ಕಬ್ಬಿನ ಹಾಲು ಆಯ್ತದಾ?"

ಅಮಲ್ದಾರರು ಬಸ್ಸಿನಿಂದ ಇಳಿದರು. ರುಮಾಲು ಸರಿಮಾಡಿಕೊಂಡು ನೆಟ್ಟಗೆ ನನ್ನ ಕಾರಿನ ಹತ್ತಿರ ನಡೆದು ಬಂದು ಕೇಳಿದರು, "ಜಾಗ ಇದೆಯೇನಯ್ಯ?"

"ಬುದ್ದಿ, ಹಿಂದಕ್ಕೆ ಓಡೋ ಗಾಡೀಲಿ ಕೂರ್ತೀರಾ?" ಅಂತ ಯಜಮಾನ ಬಾಯಿ ಬಿಟ್ಟ.

"ನಾನು ಮೇಲಕ್ಕೆ ಹೋಗೋ ಗಾಡಿಯಲ್ಲಿ ಕೂರ್ತೀನಿ" ಅಂದರು ಅಮಲ್ದಾರರು.

ಆಗ ಮಾವ ಕೆಳಗಿಳಿದರು. ಹೆಗಲಿನ ಹಗ್ಗ ತೆಗೆದರು. ನಾನು ಕುತ್ತಿಗೆ ಒಳಕ್ಕೆಳೆದುಕೊಂಡೆ. ಮಾವ ನನ್ನನ್ನು ದಾಟಿ ಹೋಗಿ ಹಗ್ಗದ ಒಂದು ತುದಿಯನ್ನು ನನ್ನ ಕಾರಿನ ಮೂತಿಗೂ ಇನ್ನೊಂದು ತುದಿಯನ್ನು ಬಸ್ಸಿನ ಮೂತಿಗೂ ಬಿಗಿದರು. ಮೂತಿಗೆ ಮೂತಿ. "ತಂದ ಹಗ್ಗ ಯಾಕೆ ದಂಡ ಮಾಡಾದು ಅಳಿಯಂದ್ರೇ, ಎಳೀರಿ" ಅಂದರು.

ಎಳೆದೆ. ಬಸ್ಸಿನ ಮೂವತ್ತು ಜನ ಇಳಿದು ಹಿಂದಿನಿಂದ ತಳ್ಳಿದರು ಅಂತ ಕೆಲವರು ಹೇಳುತ್ತಾರೆ. ಅವರು ಬಸ್ಸಿನ ಕಡೆಯವರು, ನಂಬಬೇಡಿ. ಹಗ್ಗ ಹಾಕಿದ ಹೊಸ ಬಸ್ಸು ನನ್ನ ಗುಜರಿಯ ಹಿಂದೆ ಸಾಧುವಾಗಿ ಏರಿನ ತುದಿಯವರೆಗೂ ಬಂತು. ದಾರಿಯುದ್ದಕ್ಕೂ ದಲ್ಲಾಳಿ ಅಮಲ್ದಾರರ ಕಿವಿಯಲ್ಲಿ, "ನಾನು ಆವತ್ತೇ ಹೇಳಿದ್ದೆ ಬುದ್ದಿ, ನಾಲ್ಕು ಹಲ್ಲು, ಪ್ರಾಯ" ಅನ್ನುತ್ತಿದ್ದ. ಮೇಲೆ ಮುಟ್ಟಿದಾಗ ಮಾವ ನಕ್ಕರು. ಹೆಂಡತಿ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದಳು.

ಪರವಾನಗಿ ಅಲ್ಲೇ ಸಿಕ್ಕಿತು. ಆದರೆ ನನಗೆ ಇವತ್ತಿಗೂ ಸಂತೋಷ ಅದಕ್ಕಲ್ಲ. ಗೆದ್ದ ಬೇರೆ ಯಾರೇ ಆದರೂ ಸೋತವನ ಮುಖ ನೋಡಬೇಕಂದರೆ ಕುತ್ತಿಗೆ ತಿರುಗಿಸಬೇಕು. ನಾನು ಎಲೆಯಡಿಕೆ ಅಗಿಯುತ್ತಾ, ನೆಟ್ಟಗೆ ಕೂತು, ಒಂದು ಮಾರು ದೂರದಲ್ಲಿ ಅವನ ಮುಖ ನೋಡಿಕೊಂಡೇ ಗೆದ್ದೆ.